ಕಣ್ಣಿಗೆ ಮಂಗಟ್ಟೆ ಚೊಕ್ಕ, ಫೋಟೋದಲ್ಲಿ ಮಸುಕು. ಕ್ಯಾಮೆರಾ ಇರುವ ದುರ್ಬೀನು ಬಳಸಿದವರು ಇದ್ದೀರಾ?

ತೋಟದಮನೆ:
ನಮ್ಮದು ಶಿರಸಿ ಹತ್ತಿರ ಅಡಿಕೆ ತೋಟ. ಅಂಗಳದ ಎದುರಿಗೇ ಒಂದು ಬಸರಿ ಮರ. ಅದು ಹಣ್ಣಾಯಿತೆಂದರೆ ಮಂಗಟ್ಟೆಗಳ ಸಂತೆ. ಕೊಕ್ಕಿನ ತುದಿಯಲ್ಲಿ ಹಣ್ಣು ಹಿಡಿದು, ಮೇಲಕ್ಕೆ ಚಿಮ್ಮಿಸಿ ನುಂಗುವುದನ್ನು ನೋಡುತ್ತಾ ಕೂತರೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗುವುದಿಲ್ಲ.

2007ರಲ್ಲಿ ನನ್ನ ತಮ್ಮ ಹೊರದೇಶದಿಂದ ಬರುವಾಗ ಒಂದು ದುರ್ಬೀನು ತಂದುಕೊಟ್ಟಿದ್ದ. ಎರಡು ಕೊಳವೆಗಳ ನಡುವೆ ಡಿಜಿಟಲ್ ಕ್ಯಾಮೆರಾ. ಮೇಲೆ ಮುಚ್ಚಳ ಎತ್ತಿದರೆ ಪುಟ್ಟ ಪರದೆ. ಮೈಮೇಲೆ 8×30 ಎಂದಿದೆ. ಇಷ್ಟು ವರ್ಷ ಕಪಾಟಿನಲ್ಲಿ ಚರ್ಮದ ಚೀಲದೊಳಗೆ ಮಲಗಿತ್ತು. ಈಗ ತೆಗೆದಿದ್ದೇನೆ, ತಲೆನೋವು ಶುರುವಾಗಿದೆ.

ಕಣ್ಣಿಟ್ಟು ನೋಡಿದರೆ ಹಕ್ಕಿ ಸ್ಪಷ್ಟ. ಫೋಟೋ ತೆಗೆದರೆ ಮಸುಕು, ಚಕ್ರ ಎಷ್ಟು ತಿರುಗಿಸಿದರೂ ಅಷ್ಟೇ. ಪೇಟೆಯಿಂದ 32 ಜಿಬಿ ಕಾರ್ಡ್ ತರಿಸಿ ಹಾಕಿದೆ, ಕಾರ್ಡ್ ಸರಿಯಿಲ್ಲ ಎನ್ನುತ್ತದೆ. ಕಾರ್ಡ್ ಇಲ್ಲದೆಯೇ ಭಾನುವಾರ ಇಪ್ಪತ್ತು ಫೋಟೋ ತೆಗೆದಿದ್ದೆ. ಸಂಜೆ ಸೆಲ್ ಬದಲಿಸಿದೆ ನೋಡಿ, ಒಂದೂ ಇಲ್ಲ! ಎಡ ಕೊಳವೆಯಲ್ಲಿ ಜೇಡರ ಬಲೆ ತರಹ ಏನೋ ಬೇರೆ ಕಾಣುತ್ತಿದೆ. ನಮ್ಮವರು ಪಂಚೆಯ ತುದಿಯಿಂದ ಗಸಗಸ ಒರೆಸಿದರು, ಹೋಗಲಿಲ್ಲ. ಹೊಗೆ ಅಟ್ಟದ ಮೇಲಿಟ್ಟರೆ ಒಣಗುತ್ತದೆ ಎನ್ನುವುದು ಅವರ ಸಲಹೆ. ಇಡಲಾ?

ಹಳೇ ಶಟರ್:
ಅಕ್ಕಾ, ಮೊದಲು ಪಂಚೆ ದೂರ ಇಡಿಸಿ. ಮೂವತ್ತು ವರ್ಷ ಕ್ಯಾಮೆರಾ ರಿಪೇರಿ ಮಾಡಿದವನು ಹೇಳುತ್ತಿದ್ದೇನೆ. ಲೆನ್ಸಿನ ಮೇಲಿನ ನೀಲಿ ಹಸಿರು ಹೊಳಪು ಒಂದು ತೆಳು ಲೇಪ. ಬಟ್ಟೆಗೂ ಗಾಜಿಗೂ ನಡುವೆ ಒಂದು ಮರಳಿನ ಕಣ ಸಿಕ್ಕರೆ ಸಾಕು, ಗೀರು ಬೀಳುತ್ತದೆ. ಮೊದಲು ರಬ್ಬರ್ ಬ್ಲೋವರ್‌ನಿಂದ ಗಾಳಿ ಊದಿ, ಆಮೇಲೆ ಮೆತ್ತನೆಯ ಬ್ರಷ್, ಕಡೆಗೆ ಕನ್ನಡಕದ ಬಟ್ಟೆ.

ಈಗ ಫೋಟೋ ವಿಷಯ. ನಿಮ್ಮ ದುರ್ಬೀನು ಮುಕ್ಕಣ್ಣ. ಎರಡು ಕಣ್ಣು ನಿಮಗೆ, ನಡುವಿನ ಮೂರನೆಯದು ಕ್ಯಾಮೆರಾಕ್ಕೆ. ನೀವು ನೋಡುವ ಗಾಜಿನ ಮೂಲಕ ಅದು ನೋಡುವುದೇ ಇಲ್ಲ. ನೀವು ತಿರುಗಿಸುವ ಚಕ್ರ ನಿಮ್ಮ ಎರಡು ಕಣ್ಣಿಗೆ ಮಾತ್ರ ಸೇರಿದ್ದು. ಈ ಬಗೆಯ ಹಳೇ ಮಾದರಿಗಳಲ್ಲಿ ಹೆಚ್ಚಿನವಕ್ಕೆ ಕ್ಯಾಮೆರಾದ ಫೋಕಸ್ ಕಾರ್ಖಾನೆಯಲ್ಲೇ ದೂರಕ್ಕೆ ಹೊಂದಿಸಿ ಬಿಟ್ಟಿರುತ್ತದೆ. ಹತ್ತಿರದ ದಾಸವಾಳ ತೆಗೆದರೆ ಮಸುಕೇ. ಮೂರನೇ ಕಣ್ಣು ಪಕ್ಕದಿಂದ ನೋಡುವುದರಿಂದ ಹತ್ತಿರದ್ದು ಚೌಕಟ್ಟಿನಲ್ಲಿ ಸ್ವಲ್ಪ ಜರುಗಿಯೂ ಬರುತ್ತದೆ.

ಮಂಗಟ್ಟೆ ದೂರದಲ್ಲೇ ಇದೆಯಲ್ಲ, ಆದರೂ ಮಸುಕು ಯಾಕೆ? ಕೈ ನಡುಕ. 8 ಎಂದರೆ ಎಂಟು ಪಟ್ಟು ಹತ್ತಿರ, 30 ಎಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರ್‌ನಲ್ಲಿ. ಕ್ಯಾಮೆರಾವೂ ಎಂಟು ಪಟ್ಟು ಹತ್ತಿರ ತಂದರೆ, ಹಳೇ ರೀಲ್ ಕ್ಯಾಮೆರಾಕ್ಕೆ ಸುಮಾರು 400 ಮಿಮೀ ಲೆನ್ಸ್ ಹಾಕಿದ ಹಾಗೆ. ಅಂಥದ್ದನ್ನು ಕೈಯಲ್ಲಿ ಹಿಡಿದು ತೆಗೆಯಬೇಕಾದರೆ ಶಟರ್, ಅಂದರೆ ಬೆಳಕು ಒಳಬಿಟ್ಟು ಮುಚ್ಚುವ ಕದ, ಸೆಕೆಂಡಿನ 400ನೇ ಒಂದು ಭಾಗದಷ್ಟಾದರೂ ಚುರುಕಾಗಿರಬೇಕು. ಬೆಳಗಿನ ಮಂಜಿನಲ್ಲಿ ಈ ಪುಟ್ಟ ಕ್ಯಾಮೆರಾ ಅಷ್ಟು ಚುರುಕು ಎಲ್ಲಿಂದ ತರಬೇಕು? ಒಂದು ಬಟ್ಟೆ ಚೀಲಕ್ಕೆ ಎರಡು ಸೇರು ರಾಗಿ ತುಂಬಿ ಬಾಯಿ ಹೊಲಿಯಿರಿ. ಗೋಡೆ ಮೇಲಿಟ್ಟು, ದುರ್ಬೀನನ್ನು ಅದರಲ್ಲಿ ಒತ್ತಿ ಕೂರಿಸಿ. ಬಿಸಿಲು ಏರಿದ ಮೇಲೆ ತೆಗೆಯಿರಿ. ಗುಂಡಿ ಒತ್ತಿದ ತಕ್ಷಣ ಕೈ ತೆಗೆಯಬೇಡಿ. ಇವು ಸೋಮಾರಿಗಳು, ಒತ್ತಿ ಸ್ವಲ್ಪ ಹೊತ್ತಾದ ಮೇಲೆ ಫೋಟೋ ತೆಗೆಯುತ್ತವೆ.

ಕಾರ್ಡ್ ತಪ್ಪು ನಿಮ್ಮದಲ್ಲ. ಆ ಕಾಲದ ಯಂತ್ರಗಳಲ್ಲಿ ಎಷ್ಟೋ 2 ಜಿಬಿ ತನಕ ಮಾತ್ರ ಓದುತ್ತವೆ. 4 ಜಿಬಿಯಿಂದ 32 ಜಿಬಿ ತನಕದ್ದು ಬೇರೆ ಜಾತಿಯ ಕಾರ್ಡ್, ಆಕಾರ ಮಾತ್ರ ಒಂದೇ. ಹಳೇ ಗುಂಡಿ ಮೊಬೈಲ್‌ನಲ್ಲಿ 2 ಜಿಬಿಯ ಪುಟ್ಟ ಕಾರ್ಡ್ ಇರಬಹುದು, ಹುಡುಕಿ. ಅಡಾಪ್ಟರ್‌ಗೆ ಸೇರಿಸಿ, ದುರ್ಬೀನಿನಲ್ಲೇ ಫಾರ್ಮ್ಯಾಟ್ ಮಾಡಿ. ಅದರಲ್ಲಿ ಬೇಕಾದ್ದೇನೂ ಇಲ್ಲ ಅಂತ ಮೊದಲೇ ನೋಡಿಕೊಳ್ಳಿ.

ಆ ಇಪ್ಪತ್ತು ಫೋಟೋ ಆಸೆ ಬಿಡಿ. ಕೆಲವು ಅಗ್ಗದ ಮಾದರಿಗಳ ಒಳಗಿನ ಮೆಮೊರಿಗೆ ಸದಾ ಕರೆಂಟ್ ಬೇಕು. ಸೆಲ್ ತೆಗೆದರೆ ಹಲಗೆ ಒರೆಸಿದ ಹಾಗೆ.

ಅಘನಾಶಿನಿ ದಂಡೆ:
ಆ ಜೇಡರ ಬಲೆ ಬಹುತೇಕ ಫಂಗಸ್. ದೊಡ್ಡ ಗಾಜಿನ ಕಡೆಯಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ, ಬೇರಿನ ಹಾಗೆ ಕವಲೊಡೆದಿದ್ದರೆ ಅದೇ. ಒಳಗಿದೆ, ಹೊರಗೆ ಎಷ್ಟು ಒರೆಸಿದರೂ ಸುಮ್ನೆ. ಮನೆಯಲ್ಲಿ ಬಿಚ್ಚಬೇಡಿ ಅಕ್ಕಾ, ನಾನು ಬಿಚ್ಚಿ ಒಂದನ್ನು ಹಾಳು ಮಾಡಿದ್ದೇನೆ. ಒಳಗಿನ ಪ್ರಿಸಂ ಒಂದು ಕೂದಲೆಳೆ ಜರುಗಿದರೂ ಎರಡು ಕಣ್ಣಿಗೆ ಎರಡು ಚಿತ್ರ. ಹತ್ತು ನಿಮಿಷ ನೋಡಿದರೆ ನಿಜವಾದ ತಲೆನೋವೇ.

ಚರ್ಮದ ಚೀಲವೇ ಮುಖ್ಯ ಕಳ್ಳ. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತದೆ, ಚೀಲಕ್ಕೆ ಬರದೆ ಇರುತ್ತಾ? ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ನೀಲಿ ಹರಳು ಗುಲಾಬಿ ಆಯಿತು ಅಂದರೆ ನೀರು ಕುಡಿದಿದೆ ಎಂದರ್ಥ. ಹಳೇ ತಗಡಿನ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ ಆಗುತ್ತದೆ. ಅಡುಗೆ ಬಾಣಲೆ ಮಾತ್ರ ಬೇಡ, ಆ ನೀಲಿಯಲ್ಲಿ ಕೋಬಾಲ್ಟ್ ಇದೆ. ಅಕ್ಕಿಯೊಳಗೆ ಹೂಳುವುದೂ ಬೇಡ, ಧೂಳು ಸೇರುತ್ತದೆ.

ಹೊಗೆ ಅಟ್ಟದಲ್ಲಿ ಉಪ್ಪಾಗೆ ಒಣಗಿಸಿ, ದುರ್ಬೀನನ್ನಲ್ಲ. ಮಸಿ ಹಿಡಿಯುತ್ತದೆ, ಶಾಖಕ್ಕೆ ಒಳಗಿನ ಗ್ರೀಸ್ ಕರಗಿ ಗಾಜಿಗೆ ಹರಿಯುತ್ತದೆ.

ಬೆಂಗ್ಳೂರ್ ಹುಡ್ಗ:
ಇಷ್ಟೆಲ್ಲ ಒದ್ದಾಟ ಯಾಕೆ ಆಂಟಿ? 2024ರಲ್ಲಿ ಸ್ವರೋವ್‌ಸ್ಕಿಯವರ ಎಎಕ್ಸ್ ವಿಸಿಯೊ ಬಂತಲ್ಲ. 13 ಮೆಗಾಪಿಕ್ಸೆಲ್ ಕ್ಯಾಮೆರಾ, ಹಕ್ಕಿಯ ಹೆಸರೂ ತಾನೇ ಹೇಳುತ್ತೆ. ನಾಲ್ಕು ಲಕ್ಷಕ್ಕಿಂತ ಜಾಸ್ತಿ ಆಗುತ್ತೆ ಅಷ್ಟೆ.

ತೋಟದಮನೆ:
ಅಷ್ಟೆಯಾ ತಮ್ಮಾ! ಆ ದುಡ್ಡಿಗೆ ತೋಟಕ್ಕೆ ಇನ್ನೊಂದು ಬಾವಿ ತೆಗೆಸಬಹುದು. ಮಂಗಟ್ಟೆಯ ಹೆಸರು ನನಗೇ ಗೊತ್ತು, ದುರ್ಬೀನು ಹೇಳಿಕೊಡಬೇಕಾಗಿಲ್ಲ.

ಉಳಿದವರಿಗೆ ವರದಿ. ಅತ್ತೆಯ ಹಳೇ ಮೊಬೈಲ್‌ನಲ್ಲಿ 2 ಜಿಬಿ ಕಾರ್ಡ್ ಸಿಕ್ಕಿತು. ಅದರಲ್ಲಿದ್ದ ಯಕ್ಷಗಾನದ ಪದಗಳನ್ನು ಮಗಳ ಲ್ಯಾಪ್‌ಟಾಪಿಗೆ ಹಾಕಿಸಿದ ಮೇಲೇ ಅವರು ಕೊಟ್ಟಿದ್ದು. ದುರ್ಬೀನು ಒಪ್ಪಿಕೊಂಡಿತು. ರಾಗಿ ಚೀಲ ಕೊಟ್ಟಿಗೆಯ ಗೋಡೆ ಮೇಲಿಟ್ಟು ಒಂಬತ್ತು ಗಂಟೆಯ ಬಿಸಿಲಿಗೆ ಕಾದೆ. ಒಂಬತ್ತು ಫೋಟೋದಲ್ಲಿ ಒಂದು ಚೊಕ್ಕ ಬಂದಿದೆ. ಬಸರಿ ಹಣ್ಣು ಎಣಿಸಬಹುದು, ಅಷ್ಟು ಸ್ಪಷ್ಟ. ಮಂಗಟ್ಟೆಯದು ಬಾಲ ಮಾತ್ರ ಇದೆ. ಸೋಮಾರಿ ಎಂದಿದ್ದು ನಿಜ.

ಟಾರ್ಚ್ ಬಿಟ್ಟು ನೋಡಿದೆ, ಬೇರು ಕವಲೊಡೆದಿದೆ. ಹುಬ್ಬಳ್ಳಿ ಕಡೆ ಬಿಚ್ಚಿ ಶುಚಿ ಮಾಡಿಕೊಡುವವರು ಇದ್ದರೆ ಹೇಳಿ, ಮಳೆ ಹಿಡಿಯುವ ಮೊದಲು ಕೊಟ್ಟು ಬರುತ್ತೇನೆ.