ಒಂದೇ ಹೆಸರಿನ ಸಿನಿಮಾ, ಸೀರಿಯಲ್‌ಗಳು: ಯಾವುದಕ್ಕೂ ಯಾವುದಕ್ಕೂ ನಂಟು?

ಮಧ್ಯಂತರ ಕೇಳಿದ್ದು:

ನಿನ್ನೆ ರಾತ್ರಿ ಅಪ್ಪ 'ಗೀತಾ' ಹಾಕು ಅಂದರು. ಹುಡುಕಿದೆ. ಮೊದಲು ಬಂದದ್ದು ಸೀರಿಯಲ್‌ನ ಎಪಿಸೋಡುಗಳು, ಸಾಲುಸಾಲಾಗಿ. ಅದನ್ನು ದಾಟಿ ಕೆಳಗೆ ಹೋದರೆ ಗಣೇಶ್ ಅವರ 2019ರ 'ಗೀತಾ'. ಇನ್ನೂ ಕೆಳಗೆ ಹೋದ ಮೇಲೆ ಅಪ್ಪನಿಗೆ ಬೇಕಾಗಿದ್ದ ಶಂಕರ್‌ನಾಗ್ ಅವರ 1981ರ 'ಗೀತಾ' ಸಿಕ್ಕಿತು, ಅದೂ ಬರೀ ಹಾಡುಗಳು. ಅಷ್ಟರಲ್ಲಿ ಅಪ್ಪನಿಗೆ ನಿದ್ದೆ ಬಂದಿತ್ತು.

ಇದು ಮೊದಲ ಸಲ ಅಲ್ಲ. 'ಯಜಮಾನ' ಅಂದರೆ ಅಪ್ಪನಿಗೆ ವಿಷ್ಣುವರ್ಧನ್, ತಮ್ಮನಿಗೆ ದರ್ಶನ್. 'ನಾಗರಹಾವು' ಅಂದರೆ ಮೂರು ಸಿನಿಮಾ ಬರುತ್ತವೆ. ಇಂಗ್ಲಿಷಿನಲ್ಲೂ ಇದೇ ಕಥೆ. 'ಫಾರ್ಗೋ' ನೋಡು ಅಂತ ಗೆಳೆಯ ಹೇಳಿದ, ಸಿನಿಮಾನಾ ಸೀರೀಸಾ ಅಂತ ಹೇಳಲೇ ಇಲ್ಲ.

ನನ್ನ ಪ್ರಶ್ನೆ ಇಷ್ಟು. ಒಬ್ಬರು ಇಟ್ಟ ಹೆಸರನ್ನು ಇನ್ನೊಬ್ಬರು ಇಡಬಾರದು ಅಂತ ಕಾನೂನು ಇಲ್ವಾ? ಹೆಸರು ಒಂದೇ ಇದ್ದಾಗ ಕಥೆಗೂ ಸಂಬಂಧ ಇದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ? ನಿಜವಾಗಿಯೂ ನಂಟು ಇರುವಂಥವು ಇದ್ದರೆ ಹೇಳಿ, ಎರಡನ್ನೂ ಒಟ್ಟಿಗೆ ಕೂತು ನೋಡುವ ಆಸೆ ಇದೆ.

ಟೈಟಲ್‌ಕಾರ್ಡ್ ಉತ್ತರ:

ಕಾನೂನಿನ ಮಾತು ಮೊದಲು ಹೇಳಿಬಿಡುತ್ತೇನೆ. ಹೆಸರಿಗೆ ಕಾಪಿರೈಟ್ ಇಲ್ಲ. ಕಥೆಗೆ ಇದೆ, ಚಿತ್ರಕಥೆಗೆ ಇದೆ, ಹಾಡಿನ ಸಾಹಿತ್ಯಕ್ಕೂ ರಾಗಕ್ಕೂ ಇದೆ. ಹೆಸರು ಅಂದರೆ ಒಂದೆರಡು ಪದ ಅಷ್ಟೇ. ಗೀತಾ, ಯಜಮಾನ ಇವೆಲ್ಲ ಎಲ್ಲರ ಬಾಯಲ್ಲೂ ಓಡಾಡುವ ಮಾತು. ಒಬ್ಬರು ಬೇಲಿ ಹಾಕಿಕೊಂಡರೆ ಮಿಕ್ಕವರು ಏನು ಮಾಡಬೇಕು? 'ದೇಸಿ ಬಾಯ್ಸ್' ಅನ್ನುವ ಹಿಂದಿ ಸಿನಿಮಾದ ಹೆಸರು ತನ್ನದು ಅಂತ ಒಬ್ಬ ಲೇಖಕರು ದೂರು ಕೊಟ್ಟಿದ್ದರು. ಅದು ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಬರೀ ಹೆಸರಿನ ಮೇಲೆ ಕಾಪಿರೈಟ್ ಬರುವುದಿಲ್ಲ ಅಂತ 2015ರಲ್ಲಿ ಕೋರ್ಟ್ ಹೇಳಿತು. ಟ್ರೇಡ್‌ಮಾರ್ಕ್ ಬೇರೆ ವಿಷಯ. ಜನರಲ್ಲಿ ಒಂದು ಹೆಸರು ಒಂದೇ ಕೃತಿಗೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಆ ದಾರಿಯಲ್ಲಿ ಹೋಗಬಹುದು.

ಹಾಗಾದರೆ ಫಿಲಂ ಚೇಂಬರ್‌ನಲ್ಲಿ ಟೈಟಲ್ ರಿಜಿಸ್ಟರ್ ಮಾಡಿಸುತ್ತಾರಲ್ಲ, ಅದೇನು ಅಂತ ಕೇಳಬಹುದು. ಅದು ಸಿನಿಮಾದವರು ತಮ್ಮತಮ್ಮಲ್ಲಿ ಮಾಡಿಕೊಂಡಿರುವ ಏರ್ಪಾಡು. ಒಂದೇ ಹೊತ್ತಿಗೆ ಇಬ್ಬರು ಒಂದೇ ಹೆಸರಿಟ್ಟು ಪೋಸ್ಟರ್ ಅಂಟಿಸಿ ಜಗಳ ಆಡಬಾರದು ಅಂತ. ಅದಕ್ಕೇ ಎಷ್ಟೋ ಸಲ ಬೇಕಾದ ಟೈಟಲ್ ಸಿಗದೆ ಹೋದವರು ಹಿಂದೆ ಮುಂದೆ ಒಂದು ಪದ ಸೇರಿಸಿಕೊಳ್ಳುತ್ತಾರೆ.

ಅಮೆರಿಕದಲ್ಲೂ ಹೀಗೇ ಇದೆ. 2013ರಲ್ಲಿ 'ದ ಬಟ್ಲರ್' ಅಂತ ಸಿನಿಮಾ ಬಿಡುಗಡೆಗೆ ಸಿದ್ಧವಾಗಿತ್ತು. ಅದೇ ಹೆಸರಿನ 1916ರ ಒಂದು ಕಿರುಚಿತ್ರ ನಮ್ಮದು ಅಂತ ವಾರ್ನರ್ ಬ್ರದರ್ಸ್ ತಗಾದೆ ತೆಗೆಯಿತು. ನೂರು ವರ್ಷದಷ್ಟು ಹಳೆಯ ಮೂಕಿ ಚಿತ್ರ! ಕೊನೆಗೆ ನಿರ್ದೇಶಕರ ಹೆಸರನ್ನೇ ಮುಂದೆ ಸೇರಿಸಿ 'ಲೀ ಡೇನಿಯಲ್ಸ್ ದ ಬಟ್ಲರ್' ಅಂತ ಬಿಡುಗಡೆ ಮಾಡಿದರು. ಇನ್ನು 'ಅವೆಂಜರ್ಸ್' ನೋಡಿ. ಬ್ರಿಟನ್ನಿನಲ್ಲಿ 1961ರಿಂದ 1969ರವರೆಗೆ ಆ ಹೆಸರಿನ ಪತ್ತೇದಾರಿ ಸೀರಿಯಲ್ ಇತ್ತು, 1998ರಲ್ಲಿ ಅದನ್ನೇ ಸಿನಿಮಾನೂ ಮಾಡಿದರು. ಮಾರ್ವೆಲ್‌ನ ಸೂಪರ್‌ಹೀರೋಗಳು ಬೇರೆಯೇ ಗುಂಪು. 2012ರಲ್ಲಿ ಮಾರ್ವೆಲ್ ಸಿನಿಮಾ ಬಂದಾಗ ಜನರಿಗೆ ಗೊಂದಲ ಆಗಬಾರದು ಅಂತ ಬ್ರಿಟನ್, ಐರ್ಲೆಂಡ್‌ಗಳಲ್ಲಿ ಮಾತ್ರ 'ಅವೆಂಜರ್ಸ್ ಅಸೆಂಬಲ್' ಅಂತ ಹೆಸರಿಟ್ಟರು. ಆ ಕಾಳಜಿ ನನಗೆ ತುಂಬಾ ಹಿಡಿಸಿತು.

ಹಳೇರೀಲು ಉತ್ತರ:

ನಾಗರಹಾವಿನ ವಿಷಯ ಬಂದಿದ್ದರಿಂದ ಸುಮ್ನೆ ಇರೋಕೆ ಆಗಲಿಲ್ಲ.

1972ರ ಪುಟ್ಟಣ್ಣ ಕಣಗಾಲ್ ಅವರ ಸಿನಿಮಾ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ್ದು. ಅದರಲ್ಲಿ ಹಾವು ಅಂದರೆ ಹಾವಲ್ಲ, ರಾಮಾಚಾರಿಯ ಸಿಟ್ಟು. ಹಾಡಿನಲ್ಲೂ ಅವನು ತನ್ನ ರೋಷವನ್ನು ಹಾವಿನ ದ್ವೇಷದ ಪಕ್ಕ ಇಟ್ಟು ಅಳೆಯುತ್ತಾನೆ. ಊರೆಲ್ಲ ಅವನನ್ನು ಕಂಡರೆ ಹೆದರಿ ದೂರ ಸರಿಯುತ್ತದೆ, ಚಾಮಯ್ಯ ಮೇಷ್ಟ್ರು ಒಬ್ಬರು ಮಾತ್ರ ಹತ್ತಿರ ಕರೆಯುತ್ತಾರೆ. ಮೇಷ್ಟ್ರ ಮುಂದೆ ನಿಂತಾಗ ವಿಷ್ಣುವರ್ಧನ್ ಅವರ ಭುಜ ಹೇಗೆ ಸಡಿಲ ಆಗುತ್ತದೆ ನೋಡಿ. ಹೆಡೆ ಇಳಿಸುವುದು ಅಂದರೆ ಅದು. ಆ ಹೆಸರು ಆ ಕಥೆಯ ಒಳಗಿನಿಂದ ಹುಟ್ಟಿದ್ದು.

2002ರಲ್ಲಿ ಉಪೇಂದ್ರ, ಜ್ಯೋತಿಕಾ ಇರುವ 'ನಾಗರಹಾವು' ಬಂತು. ಅದು ಹಿಂದಿಯ 'ಬಾಜಿಗರ್' ರೀಮೇಕ್, ಹಳೆಯ ಸಿನಿಮಾಗೂ ಅದಕ್ಕೂ ಯಾವ ನಂಟೂ ಇಲ್ಲ. 2016ರಲ್ಲಿ ಕೋಡಿ ರಾಮಕೃಷ್ಣ ಅವರದು. ಅದರಲ್ಲಿ ನಿಜವಾದ ನಾಗನ ಕಥೆ. ಕಥೆಗೆ ಸಂಬಂಧ ಇಲ್ಲದಿದ್ದರೂ ಅಲ್ಲಿ ವಿಷ್ಣುವರ್ಧನ್ ಇದ್ದಾರೆ! 2009ರ ಡಿಸೆಂಬರ್‌ನಲ್ಲಿ ತೀರಿಕೊಂಡವರನ್ನು ಕಂಪ್ಯೂಟರ್‌ನಲ್ಲಿ ಮತ್ತೆ ರೂಪಿಸಿ ತೆರೆಯ ಮೇಲೆ ತಂದರು. ಅಂದರೆ ಆ ಹೆಸರಿನ ನಂಟು ಕಥೆಯಿಂದ ಬಂದದ್ದಲ್ಲ, ಮುಖದಿಂದ ಬಂದದ್ದು. ನನಗೆ ಅದನ್ನು ನೋಡುವಾಗ ಖುಷಿಗಿಂತ ಸಂಕಟವೇ ಜಾಸ್ತಿ ಆಯಿತು.

ಇನ್ನೊಂದು ದಾರವೂ ಇದೆ, ರಾಮಾಚಾರಿ ಅನ್ನುವ ಹೆಸರು. 1991ರ ರವಿಚಂದ್ರನ್ 'ರಾಮಾಚಾರಿ' ತಮಿಳಿನ 'ಚಿನ್ನ ತಂಬಿ' ರೀಮೇಕ್. ಪುಟ್ಟಣ್ಣನವರ ರಾಮಾಚಾರಿ ಬೆಂಕಿ, ಇವನು ಲೋಕ ಗೊತ್ತಿಲ್ಲದ ಮುಗ್ಧ. 2014ರ 'ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ' ಮಾತ್ರ ಬೇಕಂತಲೇ ಹಳೆಯದರ ಕಡೆ ತಿರುಗಿ ನೋಡುತ್ತದೆ, ಅದರ ನಾಯಕ ಆ ರಾಮಾಚಾರಿಯ ಭಕ್ತ. 2022ರಲ್ಲಿ ಕಲರ್ಸ್ ಕನ್ನಡದಲ್ಲಿ 'ರಾಮಾಚಾರಿ' ಅಂತಲೇ ಸೀರಿಯಲ್ ಶುರುವಾಯಿತು. ಒಂದು ಸಿನಿಮಾದ ಪಾತ್ರದ ಹೆಸರು ಐವತ್ತು ವರ್ಷ ಆದ ಮೇಲೂ ಟೈಟಲ್ ಆಗುತ್ತಿದೆ ಅಂದರೆ ಆ ಪಾತ್ರ ಜನರ ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಯೋಚನೆ ಮಾಡಿ.

ಕತ್ತರಿ_ಅಂಟು ಉತ್ತರ:

ಒಟ್ಟಿಗೆ ನೋಡುವಂಥವು ಕೇಳಿದ್ದೀರಲ್ಲ, 'ಫಾರ್ಗೋ' ಮೊದಲು. 1996ರ ಕೋಯೆನ್ ಸಹೋದರರ ಸಿನಿಮಾ ನೋಡಿ, ಆಮೇಲೆ 2014ರ ಸೀರೀಸ್ ಹಾಕಿ. ಪಾತ್ರಗಳು ಬೇರೆ, ಅಪರಾಧ ಬೇರೆ, ಆದರೆ ಹಿಮ ಅದೇ. ಸಿನಿಮಾದಲ್ಲಿ ಒಬ್ಬ ದುಡ್ಡು ತುಂಬಿದ ಪೆಟ್ಟಿಗೆಯನ್ನು ರಸ್ತೆ ಪಕ್ಕದ ತಂತಿ ಬೇಲಿಯ ಬುಡದಲ್ಲಿ ಹೂತಿಡುತ್ತಾನೆ. ಹೂತಿಟ್ಟು ಆಚೆ ನೋಡುತ್ತಾನೆ, ಈಚೆ ನೋಡುತ್ತಾನೆ. ಎರಡೂ ಕಡೆ ಒಂದೇ ತರಹದ ಕಂಬಗಳು, ಕಣ್ಣು ಹೋದಷ್ಟು ದೂರಕ್ಕೂ ಬಿಳುಪು. ಗುರುತಿಗೆ ಅಂತ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುವ ಕೆಂಪು ಪಟ್ಟಿಯನ್ನು ಅಲ್ಲಿ ನೆಡುತ್ತಾನೆ. ಆ ದುಡ್ಡು ಸಿನಿಮಾದಲ್ಲಿ ಯಾರಿಗೂ ಸಿಗುವುದಿಲ್ಲ, ಕಥೆ ಅಲ್ಲಿಗೆ ಬಿಟ್ಟು ಮುಂದೆ ಹೋಗುತ್ತದೆ. ಹದಿನೆಂಟು ವರ್ಷದ ನಂತರ ಸೀರೀಸ್‌ನಲ್ಲಿ ಒಬ್ಬ ಸಿರಿವಂತನ ಆಫೀಸಿನ ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ಒಂದು ಕೆಂಪು ಪಟ್ಟಿ ಕಾಣಿಸುತ್ತದೆ. ಕೈಯಲ್ಲಿ ಕಾಸಿಲ್ಲದೆ ಹೆಂಡತಿ ಮಗುವಿನ ಜೊತೆ ಅದೇ ರಸ್ತೆಯಲ್ಲಿ ಗಾಡಿ ಕೆಟ್ಟು ನಿಂತಿದ್ದಾಗ ಅವನಿಗೆ ಆ ಪೆಟ್ಟಿಗೆ ಸಿಕ್ಕಿರುತ್ತದೆ. ಸಿನಿಮಾ ನೋಡದವರಿಗೆ ಅದು ಒಂದು ಸಾಮಾನು. ನೋಡಿದವರು ಕೂತಲ್ಲೇ ನೆಟ್ಟಗಾಗುತ್ತಾರೆ.

ಇದೇ ಜಾತಿಯದು 'ದ ಥಿಂಗ್'. 1982ರ ಜಾನ್ ಕಾರ್ಪೆಂಟರ್ ಸಿನಿಮಾ ಶುರುವಾಗುವುದು ಅಂಟಾರ್ಕ್ಟಿಕಾದ ಹಿಮದ ಮೇಲೆ ಓಡುವ ಒಂದು ನಾಯಿಯಿಂದ, ಹೆಲಿಕಾಪ್ಟರ್‌ನಲ್ಲಿ ಬಂದು ಅದಕ್ಕೆ ಗುಂಡು ಹೊಡೆಯುತ್ತಿರುವ ನಾರ್ವೆಯವರಿಂದ. ಯಾಕೆ ಅಂತ ನಮಗೆ ಗೊತ್ತಿರುವುದಿಲ್ಲ. 2011ರಲ್ಲಿ ಅದೇ ಹೆಸರಿನ ಇನ್ನೊಂದು ಸಿನಿಮಾ ಬಂತು. ರೀಮೇಕ್ ಇರಬೇಕು ಅಂತ ಎಷ್ಟೋ ಜನ ಅಂದುಕೊಂಡರು, ಆದರೆ ಅದು ಆ ನಾರ್ವೆಯವರ ಶಿಬಿರದಲ್ಲಿ ಅದಕ್ಕೂ ಮುಂಚೆ ನಡೆದ ಕಥೆ. ಕೊನೆಗೆ ಬಂದು ನಿಲ್ಲುವುದು ಅದೇ ನಾಯಿ, ಅದೇ ಹೆಲಿಕಾಪ್ಟರ್ ಹತ್ತಿರ. ಹಳೆಯ ಸಿನಿಮಾದ ಹಾಳುಬಿದ್ದ ಶಿಬಿರದಲ್ಲಿ ಸಿಕ್ಕಿಕೊಂಡು ನಿಂತಿದ್ದ ಕೊಡಲಿ ಅಲ್ಲಿಗೆ ಹೇಗೆ ಬಂತು ಅನ್ನುವುದನ್ನೂ ಬಿಡದೆ ತೋರಿಸಿದ್ದಾರೆ. ಸಿನಿಮಾವಾಗಿ ಹಳೆಯದರ ಮಟ್ಟಕ್ಕೆ ಇಲ್ಲ, ಆದರೆ ಆ ಶ್ರದ್ಧೆಗೆ ಕೈಮುಗಿಯಬೇಕು. ಒಂದೇ ತಕರಾರು ಅಂದರೆ ಹಿಂದಿನ ಕಥೆಗೂ ಅದೇ ಹೆಸರು ಇಟ್ಟದ್ದು ತಪ್ಪು. 'ಹ್ಯಾಲೋವೀನ್' ಕೂಡ ಹೀಗೇ, 1978ರದ್ದು ಮೊದಲನೆಯದು, 2007ರದ್ದು ರೀಮೇಕ್, 2018ರದ್ದು 1978ರ ಮುಂದುವರಿದ ಕಥೆ. ಮೂರಕ್ಕೂ ಹೆಸರಿನಲ್ಲಿ ಅಂಕಿಯೇ ಇಲ್ಲ.

'ಕ್ರ್ಯಾಶ್' ಹುಡುಕುವಾಗ ಮಾತ್ರ ಹುಷಾರು. 2004ರದ್ದು ಅತ್ಯುತ್ತಮ ಚಿತ್ರ ಅಂತ ಆಸ್ಕರ್ ಗೆದ್ದದ್ದು. 1996ರದ್ದು ಕ್ರೋನೆನ್‌ಬರ್ಗ್ ಅವರದು, ಪೂರ್ತಿ ಬೇರೆ ಲೋಕ. ಮನೆಯವರ ಜೊತೆ ಕೂತು ತಪ್ಪಿ ಅದನ್ನು ಹಾಕಬೇಡಿ.

ಮಧ್ಯಂತರ:

ಆ ಕೆಂಪು ಪಟ್ಟಿಯ ಮಾತು ಓದಿ ಇವತ್ತೇ 'ಫಾರ್ಗೋ' ನೋಡುವ ಮನಸ್ಸಾಯಿತು. ಕನ್ನಡದಲ್ಲಿ ಹೀಗೆ ಹೆಸರನ್ನು ಪ್ರೀತಿಯಿಂದ ಮುಂದಕ್ಕೆ ತಂದದ್ದು ಯಾವುದೂ ಇಲ್ವಾ? 'ಯಜಮಾನ' ಎರಡಕ್ಕೂ ಏನಾದರೂ ಇದೆಯಾ?

ಸಾಲುದೀಪ ಉತ್ತರ:

'ಯಜಮಾನ'ಕ್ಕೆ ಇಲ್ಲ. 2000ದ್ದು ಅಣ್ಣತಮ್ಮಂದಿರ ಕಥೆ, ತಮಿಳಿನಿಂದ ಬಂದದ್ದು. 2019ರದ್ದು ಎಣ್ಣೆ ಗಾಣದವರು ದೊಡ್ಡ ಕಂಪನಿಯ ಎದುರು ನಿಲ್ಲುವ ಕಥೆ.

ಆದರೆ 'ಗಂಧದ ಗುಡಿ' ಇದೆಯಲ್ಲ! 1973ರಲ್ಲಿ ರಾಜ್‌ಕುಮಾರ್ ಅರಣ್ಯಾಧಿಕಾರಿ ಆಗಿ ಕಾಡು ಕಾಯುತ್ತಾರೆ. 2022ರಲ್ಲಿ ಮಗ ಪುನೀತ್ ಅದೇ ಹೆಸರಿನಲ್ಲಿ, ಯಾವ ಪಾತ್ರವೂ ಇಲ್ಲದೆ, ತಾವಾಗಿಯೇ ಕಾಡಿನಲ್ಲಿ ನಡೆಯುತ್ತಾರೆ. ಜೊತೆಗೆ ನಿರ್ದೇಶಕ ಅಮೋಘವರ್ಷ. ಅದು ತೆರೆಗೆ ಬಂದದ್ದು 2022ರ ಅಕ್ಟೋಬರ್ 28ಕ್ಕೆ, ಪುನೀತ್ ಹೋಗಿ ಒಂದು ವರ್ಷ ತುಂಬುವ ಹಿಂದಿನ ದಿನ. ಕಥೆ ಮುಂದುವರಿದಿಲ್ಲ, ಪಾತ್ರ ಮುಂದುವರಿದಿಲ್ಲ, ಆದರೂ ಇದಕ್ಕಿಂತ ಗಟ್ಟಿ ನಂಟು ನಾನು ಯಾವ ಭಾಷೆಯಲ್ಲೂ ನೋಡಿಲ್ಲ. ಮೊದಲು ಅಪ್ಪನದು, ಮಾರನೇ ದಿನ ಮಗನದು ನೋಡಿ. ಒಂದೇ ದಿನ ಬೇಡ, ಮನಸ್ಸು ತಡೆಯುವುದಿಲ್ಲ.

ಟೈಟಲ್‌ಕಾರ್ಡ್ ಅವರು ಹೇಳಿದ ಕಾನೂನು ಸರಿ ಇರಬಹುದು, ಆದರೆ ನನಗೆ ಒಂದು ಬೇಸರ ಇದ್ದೇ ಇದೆ. ಹೊಸದಕ್ಕೆ ಟ್ರೇಲರ್ ಇರುತ್ತದೆ, ಪ್ರಚಾರ ಇರುತ್ತದೆ, ಸೀರಿಯಲ್ ಆದರೆ ದಿನಕ್ಕೊಂದು ಎಪಿಸೋಡ್ ಬೀಳುತ್ತದೆ. ಹಳೆಯದಕ್ಕೆ ಇರುವುದು ಆ ಹೆಸರು ಒಂದೇ. ಅದನ್ನೂ ತೆಗೆದುಕೊಂಡರೆ ಹುಡುಕುವವರಿಗೆ ಹಳೆಯ ಸಿನಿಮಾ ಕೆಳಗೆ ಕೆಳಗೆ ಹೋಗುತ್ತಲೇ ಇರುತ್ತದೆ, ನಿಮ್ಮ ಅಪ್ಪನಿಗೆ ನಿನ್ನೆ ಆದದ್ದು ಅದೇ ಅಲ್ವಾ? 1997ರ 'ಅಮೃತವರ್ಷಿಣಿ' ಸಿನಿಮಾ ಹುಡುಕಿ ನೋಡಿ, ವರ್ಷಗಟ್ಟಲೆ ಓಡಿದ ಸೀರಿಯಲ್ ಅಡ್ಡ ಬರುತ್ತದೆ. ಟಿ. ಎನ್. ಸೀತಾರಾಮ್ ತಮ್ಮ 'ಮಾಯಾಮೃಗ'ದ ಮುಂದಿನ ಕಥೆಗೆ 2022ರಲ್ಲಿ 'ಮತ್ತೆ ಮಾಯಾಮೃಗ' ಅಂತ ಹೆಸರಿಟ್ಟರು. ಒಂದೇ ಒಂದು ಪದ ಸೇರಿಸಿದ್ದು, ಹಳೆಯದು ಹಳೆಯದಾಗಿಯೇ ಉಳಿಯಿತು.

ಹುಡುಕುವಾಗ ಬರೀ ಹೆಸರು ಹಾಕಬೇಡಿ. ವರ್ಷ ಗೊತ್ತಿದ್ದರೆ ವರ್ಷ, ಇಲ್ಲದಿದ್ದರೆ ನಿರ್ದೇಶಕರ ಹೆಸರು ಸೇರಿಸಿ. ನಟರ ಹೆಸರಿಗಿಂತ ಅದು ವಾಸಿ, ಯಾಕೆಂದರೆ ವಿಷ್ಣುವರ್ಧನ್ ಇರುವ 'ನಾಗರಹಾವು' ಅಂದರೂ ಎರಡು ಬರುತ್ತವೆ. ಹಳೆಯ ಸಿನಿಮಾ ಆದರೆ ಒಂದು ಹಾಡಿನ ಮೊದಲ ಸಾಲು ಹಾಕಿ, ಅದರಿಂದ ಸಿನಿಮಾಕ್ಕೆ ಹೋಗುವುದು ಸುಲಭ. ಸಿಕ್ಕಿದ ಮೇಲೂ ಅನುಮಾನ ಇದ್ದರೆ ಶುರುವಿನಲ್ಲಿ ಬರುವ ಸೆನ್ಸಾರ್ ಸರ್ಟಿಫಿಕೇಟ್ ನಿಲ್ಲಿಸಿ ಓದಿ, ಅದರ ಮೇಲೆ ತಾರೀಖು ಇರುತ್ತದೆ.

ಹಳೇರೀಲು:

ಹಾಡಿನ ಸಾಲು ಅಂದ ತಕ್ಷಣ ನೆನಪಾಯಿತು. 1981ರ 'ಗೀತಾ'ದಲ್ಲಿ ಇಳಯರಾಜ ಸಂಗೀತದ ಆ ಜೋಡಿ ಹಾಡು ಇದೆಯಲ್ಲ, ಎಸ್ಪಿಬಿ, ಜಾನಕಿ ಹಾಡಿದ್ದು, ಅದರ ಮೊದಲ ಸಾಲಿನ ಪದಗಳೇ 2006ರಲ್ಲಿ 'ಜೊತೆ ಜೊತೆಯಲಿ' ಸಿನಿಮಾ ಆಯಿತು. ಪ್ರೇಮ್, ರಮ್ಯಾ ಇದ್ದದ್ದು. ಮತ್ತೆ 2019ರಲ್ಲಿ ಜೀ ಕನ್ನಡದಲ್ಲಿ ಅದೇ ಹೆಸರಿನ ಸೀರಿಯಲ್ ಬಂತು, ಅದರ ಕಥೆ ಮರಾಠಿಯಿಂದ ತಂದದ್ದು. ಹಾಗಾಗಿ ನೀವು ಆ ಹಾಡಿನ ಎರಡು ಪದ ಹಾಕಿದರೆ ಮತ್ತೆ ಸೀರಿಯಲ್ ಬರುತ್ತದೆ. ಪೂರ್ತಿ ಸಾಲು ಹಾಕಿ, ಜೊತೆಗೆ ಶಂಕರ್‌ನಾಗ್ ಅಂತ ಸೇರಿಸಿ.

ಮಧ್ಯಂತರ:

ಸಿಕ್ಕಿತು! ಪೂರ್ತಿ ಸಾಲು, ಶಂಕರ್‌ನಾಗ್, 1981. ಮೂರನ್ನೂ ಹಾಕಿದೆ, ಪೂರ್ತಿ ಸಿನಿಮಾ ಮೇಲೆಯೇ ಬಂತು. ಅಪ್ಪ ಪಕ್ಕದಲ್ಲೇ ಕೂತಿದ್ದಾರೆ. ಹೆಸರುಗಳು ಓಡುವಾಗಲೇ ಒಂದೊಂದನ್ನೂ ಜೋರಾಗಿ ಓದುತ್ತಿದ್ದಾರೆ.