ಮೂಲಮನೆಯ ನೇಮವನ್ನು ನೇರಪ್ರಸಾರ ಮಾಡಬಹುದೇ? ದೂರದಲ್ಲಿರುವವರ ಪಾಲು ಯಾವುದು?

ಕಡಲಾಚೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಉಡುಪಿ ಜಿಲ್ಲೆಯ ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಕುಟುಂಬ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಆಸ್ತಿ ಪಾಲಾಯಿತು, 1974ರ ಭೂಸುಧಾರಣೆಯಲ್ಲಿ ಗೇಣಿಯ ಗದ್ದೆಗಳೂ ಕೈಬಿಟ್ಟವು. ಪಾಲಾಗದೆ ಉಳಿದದ್ದು ದೈವದ ಚಾವಡಿಯೊಂದೇ. ಜುಮಾದಿ, ಪಂಜುರ್ಲಿ ಮತ್ತು ಗುಳಿಗ ದೈವಗಳಿಗೆ ಅಲ್ಲಿ ಈಗಲೂ ನೇಮ, ಅಂದರೆ ವೇಷ ಕಟ್ಟಿದವರ ಮೈಮೇಲೆ ದೈವ ಬಂದು ನುಡಿ ಕೊಡುವ ಆರಾಧನೆ, ನಡೆಯುತ್ತದೆ. ಆದರೆ ಕುಟುಂಬದವರಲ್ಲಿ ಹೆಚ್ಚಿನವರು ಮುಂಬಯಿ, ಬೆಂಗಳೂರು ಮತ್ತು ಕೊಲ್ಲಿ ದೇಶಗಳಲ್ಲಿದ್ದಾರೆ, ನಾನು ದುಬೈಯಲ್ಲಿದ್ದೇನೆ.

ಈ ಸಲ ನೇಮವನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಬೇಕೆಂದು ನಮ್ಮ ತಲೆಮಾರಿನವರು ಕೇಳಿದ್ದೇವೆ. ಹಿರಿಯರಲ್ಲಿ ಕೆಲವರು ಒಪ್ಪಿದ್ದಾರೆ, ಗಡಿ ಹಿಡಿದಿರುವ, ಅಂದರೆ ಮನೆಯ ದೈವಕಾರ್ಯದ ಹೊಣೆ ಹೊತ್ತಿರುವ ದೊಡ್ಡ ಮಾವ ಮಾತ್ರ ಒಪ್ಪಿಲ್ಲ. ದುಬೈಯಲ್ಲೇ ಹುಟ್ಟಿ ಬೆಳೆದ ನನ್ನ ಮಗಳಿಗೆ ತುಳು ಅರ್ಧಂಬರ್ಧ ಬರುತ್ತದೆ. ಅವಳು ಪರದೆಯ ಮೇಲಾದರೂ ನೋಡಲಿ ಎಂಬುದು ನನ್ನ ಆಸೆ. ದೈವವು ‘ಹತ್ತು ಸಮಸ್ತರು’ ಎಂದು ಎಲ್ಲರನ್ನೂ ಕರೆದು ಅಭಯದ ನುಡಿ ಕೊಡುವಾಗ, ದೂರದಲ್ಲಿ ಕುಳಿತು ನೋಡುತ್ತಿರುವ ಅವಳೂ ಆ ಮಾತಿನೊಳಗೆ ಸೇರುತ್ತಾಳೆಯೇ? ನೇಮ ನಡೆಸಿದ ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಚಾವಡಿ:

ನಮ್ಮ ಮನೆಯಲ್ಲಿಯೂ ಇದೇ ಚರ್ಚೆ ನಡೆದಿತ್ತು. ನಿಮ್ಮ ಮಗಳು ಸೇರುತ್ತಾಳೆಯೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಸೇರುತ್ತಾಳೆ ಎಂದೇ. ನೋಡದಿದ್ದರೂ ಸೇರುತ್ತಾಳೆ, ಏಕೆಂದರೆ ಅಳಿಯಸಂತಾನದಲ್ಲಿ ಬಳಿ, ಅಂದರೆ ಕುಲ, ಬರುವುದು ತಾಯಿಯಿಂದ, ಆ ರಾತ್ರಿ ಅಂಗಳದಲ್ಲಿ ಯಾರು ನಿಂತಿದ್ದರು ಎಂಬುದರಿಂದಲ್ಲ. (ನೀವು ಅವಳ ತಂದೆಯಾಗಿದ್ದರೆ ಅವಳು ನಿಮ್ಮ ಹೆಂಡತಿಯ ಮನೆಯ ದೈವಕ್ಕೆ ಸೇರಿದವಳು, ಅದನ್ನೂ ಒಮ್ಮೆ ಯೋಚಿಸಿ.) ಹಾಗಾಗಿ ನೇರಪ್ರಸಾರವಿಲ್ಲದಿದ್ದರೆ ಮಕ್ಕಳಿಗೆ ಸಂಬಂಧವೇ ತಪ್ಪಿಹೋಗುತ್ತದೆ ಎಂಬ ವಾದ ನನಗೆ ಒಪ್ಪಿಗೆಯಾಗುವುದಿಲ್ಲ.

ನಿಮ್ಮ ಮಾವನವರ ಹಿಂಜರಿಕೆಗೆ ಕಾರಣವಿದೆ. ನುಡಿಯೆಂದರೆ ಎಲ್ಲರಿಗೂ ಒಟ್ಟಾಗಿ ಹೇಳುವ ಆಶೀರ್ವಾದವಷ್ಟೇ ಅಲ್ಲ. ಅಣ್ಣತಮ್ಮಂದಿರ ಜಗಳ, ಹರಕೆ ತೀರಿಸದೆ ಬಿಟ್ಟವರ ವಿಷಯ, ನಿಂತುಹೋದ ಮದುವೆ ಎಲ್ಲವೂ ಅಲ್ಲಿ ದೈವದ ಮುಂದೆ ಬರುತ್ತವೆ. ದೈವ ಕೇಳುತ್ತದೆ, ಮನೆಯವರು ಕೈಮುಗಿದು ಉತ್ತರ ಕೊಡುತ್ತಾರೆ, ತಪ್ಪಿದ್ದರೆ ಒಪ್ಪುತ್ತಾರೆ. ಊರಿನ ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವ ಮಾತನ್ನು ಯಾರು ಬೇಕಾದರೂ ಎಷ್ಟು ಸಲ ಬೇಕಾದರೂ ನೋಡಬಹುದಾದ ಕಡೆ ಒಪ್ಪಿಕೊಳ್ಳುವವರು ಕಡಿಮೆ. ಕ್ಯಾಮೆರಾ ಇದೆಯೆಂದು ಗೊತ್ತಾದ ಮೇಲೆ ನಮ್ಮಲ್ಲಿ ಒಂದು ವರ್ಷ ಯಾರೂ ಬಾಯಿ ಬಿಡಲಿಲ್ಲ, ನೇಮ ಬೇಗ ಮುಗಿಯಿತು. ಆ ಮೇಲೆ ದೈವದ ಒಡವೆ, ಆಯುಧಗಳ ಭಂಡಾರ ಬರುವುದನ್ನೂ ಕಾಲಿಗೆ ಗಗ್ಗರದ ಗೆಜ್ಜೆ ಕಟ್ಟುವವರೆಗಿನ ಭಾಗವನ್ನೂ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಮಾತ್ರ ತೋರಿಸಿ, ಅಲ್ಲಿಂದ ಮುಂದಕ್ಕೆ ಫೋನುಗಳನ್ನು ಒಳಗಿಡುವುದೆಂದು ನಿಶ್ಚಯಿಸಿದೆವು.

ಮುಂಬಯಿವಾಸಿ:

ಚಾವಡಿಯವರ ಮಾತಿಗೆ ನನ್ನ ಅರ್ಧ ಒಪ್ಪಿಗೆ ಮಾತ್ರ. ನನ್ನ ಅಪ್ಪ ಹೋಟೆಲಿನಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ನೇಮದ ವಂತಿಗೆಯನ್ನು ಮನಿಆರ್ಡರಿನಲ್ಲಿ ಕಳುಹಿಸಿ, ಗಂಧಪ್ರಸಾದ ಇಟ್ಟ ಲಕೋಟೆ ಯಾವಾಗ ಬರುವುದೆಂದು ಕಾಯುತ್ತಿದ್ದರು. ದೈವದ ಮೇಲೆ ಅವರಿಗಿದ್ದ ಭಯಭಕ್ತಿ ಊರಿನಲ್ಲಿದ್ದವರಿಗಿಂತ ಕಡಿಮೆಯಿತ್ತೆಂದು ಯಾರೂ ಹೇಳಲಾರರು. ದೂರವಿದ್ದವರಿಗೆ ಅಂದಿನ ತಂತ್ರಜ್ಞಾನ ಅಂಚೆ, ಇಂದಿನದು ಫೋನು.

ಆದರೂ ಒಂದು ವ್ಯತ್ಯಾಸ ಕಾಣುತ್ತಿದೆ. ಈಗ ವಂತಿಗೆ ಕ್ಷಣಾರ್ಧದಲ್ಲಿ ಗೂಗಲ್ ಪೇಯಲ್ಲಿ ಹೋಗುತ್ತದೆ, ನೇಮವನ್ನು ಮಲಗಿಕೊಂಡೇ ನೋಡಬಹುದು, ಹಾಗಾಗಿ ‘ಈ ಸಲ ಬರಲಾಗದು’ ಎಂದು ಹೇಳುವಾಗ ಇದ್ದ ಸಂಕೋಚವೇ ಹೋಗಿದೆ. ನಮ್ಮ ಮನೆಯಲ್ಲಿ ಹಣದ ಕೊರತೆ ಎಂದೂ ಬರುವುದಿಲ್ಲ. ಕೊರತೆ ಬರುವುದು ಚಪ್ಪರಕ್ಕೆ ಅಡಿಕೆ ಮರದ ಕಂಬ ಹೊರುವವರಿಗೆ, ದೈವಕ್ಕೆ ಬಡಿಸುವ ಅಗೆಲಿಗೆ ಕೋಳಿ ಶುಚಿ ಮಾಡುವವರಿಗೆ, ಬೆಳಗಿನ ಜಾವದಲ್ಲಿ ಊರವರಿಗೆ ಊಟ ಬಡಿಸುವವರಿಗೆ. ಇಬ್ಬರು ಮುದುಕರು ಮತ್ತು ಕೂಲಿಗೆ ಬಂದ ಹುಡುಗರು ಸೇರಿ ನೇಮ ನಡೆಸುತ್ತಿರುವುದನ್ನು ನಾವು ನಲವತ್ತು ಜನ ಸ್ಪಷ್ಟವಾದ ಚಿತ್ರದಲ್ಲಿ ನೋಡುತ್ತೇವೆ. ಇದನ್ನು ಪಾಲು ಎನ್ನಬಹುದೇ ಎಂದು ನನಗೇ ಅನುಮಾನ.

ತೆಂಬರೆ:

ನಾನು ನೇಮ ಕಟ್ಟುವ, ಅಂದರೆ ದೈವದ ವೇಷ ಧರಿಸುವ ಮನೆತನದವನು. ಇಷ್ಟು ಹೊತ್ತು ಮನೆಯವರ ಪಾಲು, ದೂರದವರ ಪಾಲು ಎಂದು ಮಾತಾಯಿತು, ಗಗ್ಗರ ಕಟ್ಟಿಕೊಳ್ಳುವವನನ್ನು ಕೇಳಬೇಕೆಂದು ಯಾರಿಗೂ ತೋಚಲಿಲ್ಲ. ಮುಖಕ್ಕೆ ಅರದಾಳದ ಹಳದಿ ಬಣ್ಣ ಹಚ್ಚಿಕೊಳ್ಳುವಾಗಲೇ ಬಣ್ಣದ ಚೌಕಿಯೊಳಗೆ ಫೋನುಗಳು ನುಗ್ಗುತ್ತವೆ. ರಾತ್ರಿಯಿಡೀ ಉಗುರಿನಲ್ಲಿ ಸೀಳಿ ಹೆಣೆದ ಎಳೆ ತೆಂಗಿನ ಗರಿಯ ಉಡುಗೆಯಾದ ಸಿರಿಯನ್ನು ಇನ್ನೂ ಸೊಂಟಕ್ಕೆ ಕಟ್ಟುತ್ತಿರುವಾಗ, ಮೈಮೇಲೆ ಅರ್ಧ ಬಟ್ಟೆ ಇರುವಾಗ, ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಮರುದಿನ ಅದು ಯಾವುದೋ ಸಿನಿಮಾ ಸಂಗೀತದೊಂದಿಗೆ ಮೂವತ್ತು ಸೆಕೆಂಡಿನ ರೀಲ್ಸ್ ಆಗಿರುತ್ತದೆ. ನಲಿಕೆ, ಪರವ, ಪಂಬದ ಸಮುದಾಯಗಳ ನಮ್ಮನ್ನು ರಾತ್ರಿ ದೈವವೆಂದು ಕೈಮುಗಿದು, ಬೆಳಗಾದ ಮೇಲೆ ಜಗಲಿಯ ಕೆಳಗೆ ನಿಲ್ಲಿಸುವ ಮನೆಗಳು ಇನ್ನೂ ಇವೆ. ಅವರ ಮನೆಯ ಪ್ರಸಾರದಲ್ಲಿ ಆ ಬೆಳಗಿನ ಭಾಗ ಬರುವುದಿಲ್ಲ.

ಕ್ಯಾಮೆರಾವೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಉಜಿರೆಯ ಕಡೆಯ ಗೋಪಾಲ ನಾಯ್ಕರು 1990ರಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಮತ್ತು ನಮ್ಮ ವಿದ್ವಾಂಸರ ಮುಂದೆ ಸಿರಿ ಎಂಬ ಹೆಣ್ಣಿನ ತುಳು ಕಥೆಯನ್ನು ದಿನಗಟ್ಟಲೆ ಹಾಡಿದರು. ಅದನ್ನು ಕ್ಯಾಮೆರಾದಲ್ಲಿಯೇ ದಾಖಲಿಸಿಕೊಂಡದ್ದರಿಂದ 15,683 ಸಾಲುಗಳು ಉಳಿದು 1998ರಲ್ಲಿ ಅಚ್ಚಾದವು. ಹಾಡುವವರನ್ನು ಕೇಳಿ, ಅವರು ನಿಲ್ಲಿಸಿದಲ್ಲಿ ನಿಲ್ಲಿಸಿ, ಅವರ ಹೆಸರಿನಲ್ಲೇ ಪ್ರಕಟಿಸಿದ ಕೆಲಸ ಅದು. ನಮ್ಮ ಅಮ್ಮ ತೆಂಬರೆ ಎಂಬ ಚರ್ಮವಾದ್ಯ ಬಡಿಯುತ್ತ ದೈವದ ಕಥೆಯ ಹಾಡಾದ ಪಾಡ್ದನ ಹೇಳುವಾಗ ಮಾತ್ರ ಎಲ್ಲರ ಫೋನುಗಳೂ ಜೇಬಿನಲ್ಲಿರುತ್ತವೆ. ಆ ದೈವ ಎಲ್ಲಿ ಹುಟ್ಟಿತು, ಯಾವ ಘಟ್ಟ ಇಳಿದು ಬಂತು, ನಿಮ್ಮ ಮನೆಯಲ್ಲಿ ಏಕೆ ನೆಲೆಯಾಯಿತು ಎಂಬುದೆಲ್ಲ ಇರುವುದು ಆ ಪಾಡ್ದನದಲ್ಲಿ. ನಿಮ್ಮ ಮಗಳಿಗೆ ಕೊಡಬೇಕೆಂದಿದ್ದರೆ ಅದನ್ನು ದಾಖಲಿಸಿ, ಅರ್ಥ ಹೇಳಿಕೊಡಿ.

ಕಡಲಾಚೆ:

ಮೂವರಿಗೂ ಧನ್ಯವಾದಗಳು. ಚಾವಡಿಯವರು ಆವರಣದೊಳಗೆ ಹೇಳಿದ್ದು ಸರಿ, ಆದರೆ ನಾನು ಅವಳ ತಾಯಿ. ತೆಂಬರೆಯವರಲ್ಲಿ ಇನ್ನೊಂದು ಪ್ರಶ್ನೆ. ದಾಖಲಿಸುವ ಮಾತನ್ನು, ನೇಮಕ್ಕೆ ಮೊದಲು ನಿಮಗೆ ಎಣ್ಣೆ, ವೀಳ್ಯ ಕೊಡುವ ಎಣ್ಣೆ ಬೂಳ್ಯದ ಹೊತ್ತಿಗೆ ಕೇಳಿದರೆ ಸಾಕೇ?

ತೆಂಬರೆ:

ಸಾಲದು. ಆಗ ಊರೆಲ್ಲ ಸೇರಿರುತ್ತದೆ, ಬೇಡವೆಂದು ಹೇಳಲು ನಮಗೆ ಬಾಯಿ ಬರುವುದಿಲ್ಲ. ನೇಮ ನಿಶ್ಚಯಿಸಲು ನಮ್ಮ ಮನೆಗೆ ಬರುವ ದಿನವೇ ಕೇಳಿ. ಪಾಡ್ದನ ಬೇಕೆಂದರೆ ನೇಮಗಳ ಕಾಲ ಮುಗಿಯುವ ಪತ್ತನಾಜೆಯ ದಿನ ಕಳೆದ ಮೇಲೆ ಬನ್ನಿ. ಮಳೆಗಾಲದಲ್ಲಿ ನೇಮಗಳಿಲ್ಲದ ಕಾರಣ ಅಮ್ಮನಿಗೆ ಬಿಡುವಿರುತ್ತದೆ, ಕುಳಿತು ಪೂರ್ತಿ ಹೇಳುತ್ತಾರೆ. ಮಗಳನ್ನೂ ಕರೆದುಕೊಂಡು ಬನ್ನಿ.