ತಂತ್ರದ ಆಟದಲ್ಲಿ ಗೆಲ್ಲುವುದು ಬುದ್ಧಿಯೋ, ಬೆರಳಿನ ವೇಗವೋ?

ಕೋಟೆಕಾವಲು:

ಊರು ಕಟ್ಟಿ, ಸೈನ್ಯ ಬೆಳೆಸಿ ಎದುರಾಳಿಯನ್ನು ಸೋಲಿಸುವ ಕಂಪ್ಯೂಟರ್ ಆಟವಾದ ಏಜ್ ಆಫ್ ಎಂಪೈರ್ಸ್ 2 ಡೆಫಿನಿಟಿವ್ ಎಡಿಷನ್ ಆಡುವ ಎಲ್ಲರ ಮುಂದೆ ಒಂದು ಪ್ರಶ್ನೆ ಇಡುತ್ತಿದ್ದೇನೆ. ಈಟಿಯವನು ಕುದುರೆಯನ್ನು ತಡೆಯುತ್ತಾನೆ, ಬಿಲ್ಲಿನವನು ಈಟಿಯವನನ್ನು ದೂರದಿಂದಲೇ ಮುಗಿಸುತ್ತಾನೆ, ಸ್ಕರ್ಮಿಷರ್ (ಭರ್ಜಿ ಎಸೆಯುವ ಹಗುರ ಸೈನಿಕ) ಬಿಲ್ಲಿನವನಿಗೆ ಉತ್ತರವಾಗುತ್ತಾನೆ ಎಂಬ ಲೆಕ್ಕವನ್ನೆಲ್ಲ ಚೆನ್ನಾಗಿ ಬಲ್ಲವನು, ಆ ಲೆಕ್ಕದ ಅರ್ಧವೂ ತಿಳಿಯದ ಆದರೆ ಹಾಟ್‌ಕೀಗಳ ಮೇಲೆ ಬೆರಳು ಓಡಿಸಬಲ್ಲ ಎದುರಾಳಿಗೆ ಸೋಲುವುದನ್ನು ರ‍್ಯಾಂಕ್ಡ್ (ಶ್ರೇಯಾಂಕಕ್ಕೆ ಲೆಕ್ಕವಾಗುವ) ಪಂದ್ಯಗಳಲ್ಲಿ ಮತ್ತೆ ಮತ್ತೆ ಕಾಣುತ್ತೇವೆ. ಹಾಗಿದ್ದ ಮೇಲೆ ಇದನ್ನು ತಂತ್ರದ ಆಟವೆಂದು ಕರೆಯುವುದು ಎಷ್ಟು ಸರಿ?

ಇದಕ್ಕೆ ಪರಿಹಾರವೂ ಆಟದ ಚರಿತ್ರೆಯಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. 1999ರ ಮೂಲ ಆಟದಲ್ಲಿ ಹೊಲ ಬರಿದಾದಾಗಲೆಲ್ಲ ಅದನ್ನು ಹುಡುಕಿಕೊಂಡು ಹೋಗಿ ಮತ್ತೆ ಬಿತ್ತಬೇಕಿತ್ತು. 2000ದ ಕಾಂಕರರ್ಸ್ ವಿಸ್ತರಣೆಯಲ್ಲಿ, ಮುಂದಿನ ಬಿತ್ತನೆಗಳಿಗೆ ಗಿರಣಿಯಲ್ಲೇ ಮುಂಗಡವಾಗಿ ಮರ ಕೊಟ್ಟಿಡುವ ಅನುಕೂಲ ಬಂದಿತು. 2019ರ ಡೆಫಿನಿಟಿವ್ ಎಡಿಷನ್‌ನಲ್ಲಿ ಒಂದು ಗುಂಡಿ ಒತ್ತಿಬಿಟ್ಟರೆ ಬಿತ್ತನೆ ತಾನಾಗಿಯೇ ನಡೆಯುತ್ತದೆ. ಇದರಿಂದ ಆಟ ಹಾಳಾಯಿತೆಂದು ಇಂದು ಯಾರೂ ಹೇಳುವುದಿಲ್ಲ. 2023ರ ಜನವರಿಯಲ್ಲಿ ಎಕ್ಸ್‌ಬಾಕ್ಸ್‌ಗೆ ಬಂದಾಗಲಂತೂ, ಕಂಟ್ರೋಲರ್ ಹಿಡಿದು ಆಡುವವರಿಗೆಂದು ವಿಲೇಜರ್‌ಗಳನ್ನು (ಕೆಲಸಗಾರರನ್ನು) ತಾನಾಗಿ ಕೆಲಸಕ್ಕೆ ಹಂಚುವ ವ್ಯವಸ್ಥೆಯನ್ನೇ ತಂದರು. ಹೀಗಿರುವಾಗ ಊರಿನ ಮುಖ್ಯ ಕಟ್ಟಡವಾದ ಟೌನ್ ಸೆಂಟರ್‌ನಿಂದ ವಿಲೇಜರ್‌ಗಳು ತಾವಾಗಿ ಹುಟ್ಟುವಂತೆ ಎಲ್ಲರಿಗೂ ಏಕೆ ಮಾಡಬಾರದು? ಯಂತ್ರ ಮಾಡಬಹುದಾದ ಕೆಲಸವನ್ನು ಯಂತ್ರಕ್ಕೆ ಬಿಟ್ಟು, ಮನುಷ್ಯ ಯೋಚಿಸಲಿ.

ರಾತ್ರಿಪಾಳಿ:

ಕೋಟೆಕಾವಲು ಅವರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದು, ಆದರೆ ಸೋಲಿನ ಕಾರಣವನ್ನು ನೀವು ಬೇರೆಡೆ ಹುಡುಕುತ್ತಿದ್ದೀರಿ ಎಂದು ನನಗೆ ಅನ್ನಿಸುತ್ತದೆ. ಸೋತ ಪಂದ್ಯದ ರೆಕಾರ್ಡಿಂಗನ್ನು ಒಮ್ಮೆ ಮೊದಲಿನಿಂದ ನೋಡಿ. ಯುದ್ಧ ನಡೆದ ಜಾಗವನ್ನು ಬಿಟ್ಟು ಟೌನ್ ಸೆಂಟರ್ ಅನ್ನು ಮಾತ್ರ ನೋಡಿ. ಒಬ್ಬ ವಿಲೇಜರ್‌ಗೆ 50 ಆಹಾರ, ಆಟದ ಗಡಿಯಾರದಲ್ಲಿ 25 ಸೆಕೆಂಡು. ಎರಡು ನಿಮಿಷ ಟೌನ್ ಸೆಂಟರ್ ಸುಮ್ಮನೆ ನಿಂತಿದ್ದರೆ ಹೆಚ್ಚುಕಡಿಮೆ ಐವರು ಕೆಲಸಗಾರರು ಇಲ್ಲವಾದರು ಎಂದರ್ಥ. ಆ ಐವರು ಮುಂದಿನ ಹದಿನೈದು ನಿಮಿಷ ಕಡಿಯಬಹುದಾಗಿದ್ದ ಮರ, ಅಗೆಯಬಹುದಾಗಿದ್ದ ಚಿನ್ನ ಎಲ್ಲವೂ ಅದರೊಂದಿಗೆ ಹೋಯಿತು. ಎದುರಾಳಿ ನಿಮಗಿಂತ 800 ಆಹಾರ, 200 ಚಿನ್ನವನ್ನು ಬೇಗ ಕೂಡಿಸಿಕೊಂಡು ಕ್ಯಾಸಲ್ ಏಜಿಗೆ (ಆಟದ ಮೂರನೇ ಯುಗಕ್ಕೆ) ಹೋದದ್ದು ಹೀಗೆಯೇ ಹೊರತು ಬೆರಳಿನ ಓಟದಿಂದಲ್ಲ. ಇಪ್ಪತ್ತೈದು ಸೆಕೆಂಡಿಗೊಮ್ಮೆ ಒಂದು ಕೀಲಿ ಒತ್ತಲು ಯಾರಿಗೂ ಚುರುಕಾದ ಕೈ ಬೇಕಿಲ್ಲ. ಒತ್ತಬೇಕೆಂಬ ನೆನಪು ಬೇಕು.

ಈ ಆಟದಲ್ಲಿ ಆಹಾರ, ಮರ, ಚಿನ್ನ, ಕಲ್ಲು ಎಂಬ ನಾಲ್ಕು ಸಂಪನ್ಮೂಲಗಳು ಪರದೆಯ ಮೇಲೆ ಕಾಣುತ್ತವೆ. ಕಾಣದಿರುವ ಐದನೆಯದು ಆಟಗಾರನ ಗಮನ. ಅದನ್ನು ಈ ಕ್ಷಣದಲ್ಲಿ ಗಡಿಯ ಕಾಳಗಕ್ಕೆ ಕೊಡಬೇಕೋ, ಊರಿನ ಹೊಲಗಳಿಗೆ ಕೊಡಬೇಕೋ ಎಂದು ನಿರ್ಧರಿಸುವುದು ನನ್ನ ಮಟ್ಟಿಗೆ ಶುದ್ಧ ತಂತ್ರ. ವಿಲೇಜರ್‌ಗಳ ಉತ್ಪಾದನೆಯನ್ನು ಯಂತ್ರಕ್ಕೆ ಒಪ್ಪಿಸಿದರೆ ಆ ನಿರ್ಧಾರವೇ ಇಲ್ಲವಾಗುತ್ತದೆ.

ನಿಧಾನಿ:

ಗಮನವೂ ಒಂದು ಸಂಪನ್ಮೂಲ ಎಂಬ ಮಾತು ಒಪ್ಪತಕ್ಕದ್ದೇ. ಆದರೂ ಕೋಟೆಕಾವಲು ಅವರ ಅಳಲನ್ನು ಅಷ್ಟರಿಂದ ತಳ್ಳಿಹಾಕಲಾಗದು, ಏಕೆಂದರೆ ನೆನಪಿಟ್ಟುಕೊಳ್ಳುವುದು ಬೇರೆ, ಯೋಚಿಸುವುದು ಬೇರೆ. ನಾನು ಸರದಿಯ ಆಟಗಳನ್ನು ಆಡುವವನು. 1991ರ ಸಿವಿಲೈಸೇಷನ್‌ನಿಂದ ಇಂದಿನವರೆಗೆ ಆ ಬಗೆಯ ಆಟಗಳು ಬೆಳೆದು ಬಂದ ದಾರಿಯನ್ನು ನೋಡಿದರೆ, ಆಲೋಚನೆಗೆ ಬೇಕಾದ ಬಿಡುವನ್ನು ನಿಯಮವೇ ಕೊಡುತ್ತದೆ. 2018ರಲ್ಲಿ ಸಬ್‌ಸೆಟ್ ಗೇಮ್ಸ್ ಹೊರತಂದ ಇನ್‌ಟು ದ ಬ್ರೀಚ್ ಇದರ ಅತ್ಯುತ್ತಮ ಮಾದರಿಯೆಂದು ನಾನು ಭಾವಿಸುತ್ತೇನೆ. ಎಂಟಕ್ಕೆ ಎಂಟು ಮನೆಗಳ (ಚೌಕಗಳ) ಸಣ್ಣ ಕಣ. ಪ್ರತಿಯೊಂದು ಶತ್ರುವೂ ಮುಂದೆ ಯಾವ ಮನೆಯ ಮೇಲೆ ದಾಳಿ ಮಾಡಲಿದೆ ಎಂಬುದನ್ನು ಆಟ ಮೊದಲೇ ತೋರಿಸಿಬಿಡುತ್ತದೆ. ಶತ್ರುವನ್ನು ಕೊಲ್ಲುವುದಕ್ಕಿಂತ ಅದನ್ನು ಒಂದು ಮನೆ ಪಕ್ಕಕ್ಕೆ ತಳ್ಳಿ, ಅದರ ಏಟು ಇನ್ನೊಂದು ಶತ್ರುವಿಗೇ ಬೀಳುವಂತೆ ಮಾಡುವುದು ಅನೇಕ ಸಲ ಮೇಲು. ಅಲ್ಲಿ ಸೋತವನು ಕೈಯನ್ನಾಗಲಿ ಕೀಲಿಮಣೆಯನ್ನಾಗಲಿ ದೂರುವಂತಿಲ್ಲ.

ಇನ್ನೊಂದು ಮಾತನ್ನು ಗಂಭೀರವಾಗಿ ಕೇಳುತ್ತೇನೆ. ಕೈಬೆರಳುಗಳಲ್ಲಿ ನೋವಿರುವವರು, ವಯಸ್ಸಾದವರು, ದೃಷ್ಟಿ ಮಂದವಾಗಿರುವವರು ಯೋಜನೆ ಹಾಕುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಅವರಿಗೆ ಸರದಿಯಿಲ್ಲದೆ ಒಂದೇ ಸಮನೆ ನಡೆಯುವ ರಿಯಲ್ ಟೈಮ್ ಆಟಗಳಲ್ಲಿ ಜಾಗ ಎಲ್ಲಿದೆ? ನೆಗೆದಾಡುವ ಆಟವಾದ ಸೆಲೆಸ್ಟ್ ಕೂಡ 2018ರಲ್ಲೇ ಆಟದ ವೇಗವನ್ನು ಅರ್ಧಕ್ಕೆ ಇಳಿಸಿಕೊಳ್ಳುವ ಅಸಿಸ್ಟ್ ಮೋಡ್ ಕೊಟ್ಟಿತು. ಕಠಿಣವೆಂದೇ ಹೆಸರಾದ ಆಟವೊಂದು ಅಷ್ಟು ಉದಾರವಾಗಬಹುದಾದರೆ, ತಂತ್ರದ ಆಟಗಳು ಏಕಾಗಬಾರದು?

ಹದ್ದುನೋಟ:

ಕೈವೇಗಕ್ಕೂ ಬುದ್ಧಿಗೂ ನಡುವಿನ ಈ ವ್ಯಾಜ್ಯವನ್ನು ಪರೀಕ್ಷೆಗೆ ಒಡ್ಡಿದ ಪ್ರಸಂಗವೊಂದಿದೆ, ಅದನ್ನು ಇಲ್ಲಿ ವಿವರವಾಗಿ ಹೇಳಲೇಬೇಕು. 2019ರ ಜನವರಿಯಲ್ಲಿ ಡೀಪ್‌ಮೈಂಡ್ ಸಂಸ್ಥೆಯು ಆಲ್ಫಾಸ್ಟಾರ್ ಎಂಬ ತನ್ನ ಕೃತಕ ಬುದ್ಧಿಮತ್ತೆಯು ಸ್ಟಾರ್‌ಕ್ರಾಫ್ಟ್ 2 ಎಂಬ ರಿಯಲ್ ಟೈಮ್ ತಂತ್ರದ ಆಟದಲ್ಲಿ ಟಿಎಲ್‌ಒ ಮತ್ತು ಮಾನಾ ಎಂಬ ಇಬ್ಬರು ವೃತ್ತಿಪರ ಆಟಗಾರರನ್ನು ತಲಾ ಐದು ಪಂದ್ಯಗಳಲ್ಲಿ ಸೋಲಿಸಿದ್ದನ್ನು ತೋರಿಸಿತು. ಪಂದ್ಯಗಳನ್ನು ನೋಡಿದವರು ಕೂಡಲೇ ಆಕ್ಷೇಪ ಎತ್ತಿದರು. ಯಂತ್ರವು ಸರಾಸರಿಯಲ್ಲಿ ಮನುಷ್ಯನಿಗಿಂತ ಹೆಚ್ಚು ಕ್ಲಿಕ್ ಮಾಡುತ್ತಿರಲಿಲ್ಲ, ನಿಜ. ಆದರೆ ಕಾಳಗದ ಆ ಕೆಲವೇ ಕ್ಷಣಗಳಲ್ಲಿ ಅದರ ವೇಗ ಮನುಷ್ಯರಿಗೆ ನಿಲುಕದಷ್ಟು ಏರುತ್ತಿತ್ತು. ಒಂದು ಪಂದ್ಯದಲ್ಲಂತೂ ಮಾನಾ ಅವರ ಇಮ್ಮಾರ್ಟಲ್ ಎಂಬ ಯುದ್ಧಘಟಕಗಳು ಆಲ್ಫಾಸ್ಟಾರ್‌ನ ಸ್ಟಾಕರ್ ಎಂಬ ಘಟಕಗಳ ಪಡೆಗೆ ಸರಿಯಾದ ಉತ್ತರವೇ ಆಗಿದ್ದವು. ಆಲ್ಫಾಸ್ಟಾರ್ ತನ್ನ ಸ್ಟಾಕರ್‌ಗಳಿಂದ ಹಲವು ದಿಕ್ಕುಗಳಲ್ಲಿ ಏಕಕಾಲಕ್ಕೆ ಮುತ್ತಿ, ಗಾಯಗೊಂಡದ್ದನ್ನು ಆ ಕ್ಷಣವೇ ಹಿಂದಕ್ಕೆ ಎಳೆದುಕೊಂಡು, ಆ ಸರಿಯಾದ ಉತ್ತರವನ್ನೇ ಸುಳ್ಳು ಮಾಡಿತು. ಇಷ್ಟರಮಟ್ಟಿಗೆ ಕೋಟೆಕಾವಲು ಅವರ ದೂರು ಸರಿ: ಕೈವೇಗ ಒಂದು ಮಿತಿಯನ್ನು ದಾಟಿದರೆ ಈಟಿ-ಕುದುರೆಯ ಲೆಕ್ಕ ಕೆಲಸಕ್ಕೆ ಬಾರದು.

ಆದರೆ ಅನಂತರ ನಡೆದದ್ದನ್ನೂ ನೋಡಿ. ಅದೇ ತಿಂಗಳ ನೇರಪ್ರಸಾರದ ಪಂದ್ಯದಲ್ಲಿ, ಪರದೆಯನ್ನು ಮನುಷ್ಯರಂತೆ ಸರಿಸಿಕೊಂಡು ನೋಡಬೇಕಾದ ಆಲ್ಫಾಸ್ಟಾರ್ ಮಾನಾ ಅವರಿಗೆ ಸೋತಿತು. ಮಾನಾ ಎರಡು ಇಮ್ಮಾರ್ಟಲ್‌ಗಳನ್ನು ವಾರ್ಪ್ ಪ್ರಿಸಮ್ ಎಂಬ ಸಾಗಣೆ ವಿಮಾನವೊಂದರಲ್ಲಿ ಹೊತ್ತು ತಂದು ಅದರ ನೆಲೆಯ ಹಿಂಬದಿಯಲ್ಲಿ ಇಳಿಸುವುದು, ಯಂತ್ರದ ಇಡೀ ಸೈನ್ಯ ಓಡಿ ಬಂದೊಡನೆ ಎತ್ತಿಕೊಂಡು ಹೋಗುವುದು, ಅದು ತಿರುಗಿ ಹೊರಟೊಡನೆ ಮತ್ತೆ ಇಳಿಸುವುದು, ಹೀಗೆ ಮಾಡುತ್ತಾ ತಮ್ಮ ಸೈನ್ಯವನ್ನು ಬೆಳೆಸಿಕೊಂಡರು. ಅಲ್ಲಿ ಗೆದ್ದದ್ದು ಬೆರಳಲ್ಲ, ಎದುರಾಳಿಯ ಗಮನವನ್ನು ಎಲ್ಲಿಗೆ ಎಳೆಯಬೇಕೆಂಬ ಅರಿವು. ಆ ವರ್ಷದ ಅಕ್ಟೋಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ವಿವರಿಸಿದ ಆವೃತ್ತಿಗೆ ಕ್ಲಿಕ್‌ಗಳ ಮೇಲೂ ನೋಟದ ಮೇಲೂ ಬಿಗಿಯಾದ ಮಿತಿ ಹಾಕಲಾಗಿತ್ತು, ಮತ್ತು ಆ ಮಿತಿಯೊಳಗೇ ಅದು ರ‍್ಯಾಂಕ್ ಪಡೆದ ಆಟಗಾರರಲ್ಲಿ ಶೇಕಡ 99.8ರಷ್ಟು ಜನರಿಗಿಂತ ಮೇಲಿತ್ತು. ವೇಗವನ್ನು ಕಟ್ಟಿಹಾಕಿದ ಮೇಲೂ ಗೆಲ್ಲಲು ಏನೋ ಉಳಿದಿರುತ್ತದೆ; ಆ ಉಳಿದದ್ದೇ ತಂತ್ರ ಎಂದು ನಾನು ತಿಳಿಯುತ್ತೇನೆ.

ಯಾಂತ್ರೀಕರಣದ ಬಗ್ಗೆ ಇನ್ನೊಂದು ಮಾತು. 1998ರ ಸ್ಟಾರ್‌ಕ್ರಾಫ್ಟ್‌ನಲ್ಲಿ ಒಮ್ಮೆಗೆ ಹನ್ನೆರಡು ಘಟಕಗಳನ್ನು ಮಾತ್ರ ಆಯ್ದುಕೊಳ್ಳಬಹುದಿತ್ತು, ಹೊಸದಾಗಿ ಹುಟ್ಟಿದ ಪ್ರತಿ ಕೆಲಸಗಾರನನ್ನೂ ಕೈಯಾರೆ ಗಣಿಗೆ ಕಳುಹಿಸಬೇಕಿತ್ತು. 2010ರ ಎರಡನೇ ಆಟ ಈ ಎರಡನ್ನೂ ತೆಗೆದುಹಾಕಿತು. ಆದರೆ ಅದರ ಬೆನ್ನಲ್ಲೇ ಆಟದ ಮೂರು ಪಂಗಡಗಳಲ್ಲಿ ಜರ್ಗ್‌ನವರು ರಾಣಿಯಿಂದ ಲಾರ್ವಾ (ಹೊಸ ಘಟಕಗಳಾಗುವ ಮರಿ) ಹಾಕಿಸುವುದು, ಟೆರನ್‌ನವರು ಮ್ಯೂಲ್ (ತಾತ್ಕಾಲಿಕ ಗಣಿ ಯಂತ್ರ) ಇಳಿಸುವುದು, ಪ್ರೋಟಾಸ್‌ನವರು ಉತ್ಪಾದನೆಯನ್ನು ಚುರುಕಾಗಿಸುವ ಕ್ರೋನೋ ಬೂಸ್ಟ್ ಹಚ್ಚುವುದು ಎಂಬ ಹೊಸ ಕೆಲಸಗಳನ್ನು ಸೇರಿಸಿತು. ಒಂದು ಕೈಯಿಂದ ತೆಗೆದದ್ದನ್ನು ಇನ್ನೊಂದು ಕೈಯಿಂದ ಹಾಕಿದ್ದೇಕೆಂದರೆ, ಆಟಗಾರನ ಗಮನಕ್ಕೆ ಬೆಲೆಯೇ ಇಲ್ಲದ ರಿಯಲ್ ಟೈಮ್ ಆಟ ಸಪ್ಪೆಯಾಗುತ್ತದೆ.

ಮಲೆನಾಡಿಗ:

ಎಲ್ಲರೂ ತಂತ್ರದ ಆಟಗಳ ಕಡೆಯಿಂದಲೇ ನೋಡುತ್ತಿದ್ದೀರಿ. ಆ್ಯಕ್ಷನ್ ಆಟಗಳನ್ನು ಆಡುವವನಾಗಿ ನನ್ನದೊಂದು ಮಾತು. ಆ್ಯಕ್ಷನ್ ಎಂದರೆ ಬರಿಯ ಕೈಚಳಕ ಎಂಬ ಎಣಿಕೆ ಈ ಚರ್ಚೆಯ ತಳದಲ್ಲಿ ಕುಳಿತಿದೆ, ಅದು ನಿಜವಲ್ಲ. ಫ್ರಮ್‌ಸಾಫ್ಟ್‌ವೇರ್‌ನ ಸೆಕಿರೋವನ್ನು (2019) ತೆಗೆದುಕೊಳ್ಳಿ. ಅಲ್ಲಿ ಶತ್ರುವಿಗೆ ಜೀವದ ಪಟ್ಟಿಯೊಂದು, ಪಾಶ್ಚರ್ (ನಿಲುವಿನ ಸಮತೋಲ) ಪಟ್ಟಿಯೊಂದು. ಏಟನ್ನು ಸರಿಯಾದ ಕ್ಷಣಕ್ಕೆ ಕತ್ತಿಯಿಂದ ತಟ್ಟಿ ಕಳೆದರೆ ಎರಡನೆಯದು ತುಂಬುತ್ತದೆ, ತುಂಬಿ ತುಳುಕಿದಾಗ ಒಂದೇ ಏಟಿಗೆ ಕಾಳಗ ಮುಗಿಯುತ್ತದೆ. ಆದರೆ ಶತ್ರು ಪೂರ್ಣ ಆರೋಗ್ಯದಲ್ಲಿರುವಾಗ ಆ ಪಟ್ಟಿ ಬೇಗ ಇಳಿದುಹೋಗುತ್ತದೆ, ಗಾಯಗೊಂಡಷ್ಟೂ ನಿಧಾನವಾಗಿ ಇಳಿಯುತ್ತದೆ. ಆದ್ದರಿಂದ ಮೊದಲು ಜೀವವನ್ನು ಕೊರೆಯಬೇಕೋ, ಆರಂಭದಿಂದಲೇ ಒತ್ತಡ ಹೇರಬೇಕೋ ಎಂಬುದು ಪ್ರತಿ ಎದುರಾಳಿಗೂ ಬೇರೆಯಾಗಿ ಹಾಕಬೇಕಾದ ಲೆಕ್ಕ. ಕೆಂಪು ಅಕ್ಷರ ಮಿನುಗಿದಾಗ ಶತ್ರು ಚುಚ್ಚಿದರೆ ಮಿಕಿರಿ (ಆ ಆಯುಧವನ್ನು ಕಾಲಿನಿಂದ ತುಳಿಯುವ ತಿರುಗೇಟು), ಕೆಳಗೆ ಬೀಸಿದರೆ ನೆಗೆತ, ಹಿಡಿಯಲು ಬಂದರೆ ದೂರ ಸರಿಯುವುದು. ಬೆಂಕಿ ಹೊತ್ತ ಗೂಳಿಯನ್ನು ಪಟಾಕಿಯಿಂದ ಬೆದರಿಸುವುದು. ಇವೆಲ್ಲ ಯೋಚಿಸಿ ಕಂಡುಕೊಂಡ ಉತ್ತರಗಳೇ. ವ್ಯತ್ಯಾಸ ಇಷ್ಟೇ: ಅಲ್ಲಿ ಯೋಚನೆ ಸೋಲಿನ ನಂತರ, ಮುಂದಿನ ಯತ್ನಕ್ಕೆ ಮೊದಲು ನಡೆಯುತ್ತದೆ, ಕಾಳಗದ ನಡುವೆ ಕೈ ಅದನ್ನು ನೆರವೇರಿಸುತ್ತದೆ.

ನನ್ನ ಪ್ರಶ್ನೆಯೂ ಇದೇ. ಏಜ್ ಆಫ್ ಎಂಪೈರ್ಸ್‌ನಲ್ಲಿಯೂ ತಂತ್ರದ ಬಹುಪಾಲು ಪಂದ್ಯಕ್ಕೆ ಮೊದಲೇ ತೀರ್ಮಾನವಾಗಿರುತ್ತದೆಯೇ?

ತುಂಗಾತೀರ:

ಮಲೆನಾಡಿಗರ ಪ್ರಶ್ನೆಗೆ ನಾನು ಹೆಚ್ಚಾಗಿ ಆಡುವ ದ್ರವಿಡಿಯನ್ಸ್ ಮೂಲಕವೇ ಉತ್ತರಿಸುತ್ತೇನೆ. 2022ರ ಡೈನಾಸ್ಟೀಸ್ ಆಫ್ ಇಂಡಿಯಾ ವಿಸ್ತರಣೆಯಲ್ಲಿ ಬಂದ ಈ ಪಂಗಡಕ್ಕೆ ಪ್ರತಿ ಹೊಸ ಯುಗಕ್ಕೆ ಏರಿದಾಗಲೂ 200 ಮರ ಉಚಿತವಾಗಿ ಸಿಗುತ್ತದೆ, ಕಾಲಾಳುಗಳನ್ನು ತಯಾರಿಸುವ ಬ್ಯಾರಕ್ಸ್‌ನ ಸಂಶೋಧನೆಗಳು ಅರ್ಧ ಬೆಲೆಗೆ ಆಗುತ್ತವೆ. ಆದರೆ ನೈಟ್ (ಭಾರಿ ಕುದುರೆ ಸವಾರ) ಇಲ್ಲ, ಕುದುರೆ ಪಡೆ ದುರ್ಬಲ. ಅಂದ ಮೇಲೆ ಓಡಾಟದಲ್ಲಿ ಎದುರಾಳಿ ನಮಗಿಂತ ಮುಂದಿರುತ್ತಾನೆ ಎಂದು ಮೊದಲ ನಿಮಿಷದಲ್ಲೇ ಒಪ್ಪಿಕೊಂಡು, ಗೋಡೆ ಎಲ್ಲಿ, ಮರದ ಉಳಿಕೆಯನ್ನು ಯಾವುದಕ್ಕೆ ಹಾಕಬೇಕು, ಕಾಲಾಳುಗಳನ್ನು ಯಾವಾಗ ಹೊರಡಿಸಬೇಕು ಎಂದು ಕಟ್ಟಿಕೊಳ್ಳಬೇಕು. ಇದಕ್ಕೆ ವೇಗದ ಕೈ ಬೇಡ. ಹಾಗಾಗಿ, ಹೌದು, ಬಹಳಷ್ಟು ತೀರ್ಮಾನ ಮೊದಲೇ ಆಗಿರುತ್ತದೆ.

ಒಂದು ಆಕ್ಷೇಪವನ್ನು ಮಾತ್ರ ದಾಖಲಿಸುತ್ತೇನೆ. ಕೃಷ್ಣದೇವರಾಯನ ಕಾಲದ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಕುದುರೆಗಳ ವೈಭವವನ್ನು ಬರೆದಿಟ್ಟಿದ್ದಾನೆ. ಆ ಕುದುರೆಗಳಿಗಾಗಿ ಪೋರ್ಚುಗೀಸರೊಂದಿಗೆ ನಡೆದ ವ್ಯಾಪಾರ ಚರಿತ್ರೆಯ ಪ್ರಸಿದ್ಧ ಸಂಗತಿ. ದಕ್ಷಿಣದಲ್ಲಿ ಒಳ್ಳೆಯ ಕುದುರೆ ಹುಟ್ಟುತ್ತಿರಲಿಲ್ಲ ಎಂಬುದನ್ನು ಆಟ ಸರಿಯಾಗಿ ಹಿಡಿದಿದೆ, ಚಿನ್ನ ಕೊಟ್ಟು ತರಿಸಿಕೊಳ್ಳುತ್ತಿದ್ದರು ಎಂಬುದನ್ನು ಬಿಟ್ಟಿದೆ. ಮಾರುಕಟ್ಟೆಯಲ್ಲಿ ದುಬಾರಿ ಬೆಲೆಗೆ ಕುದುರೆ ಸವಾರರನ್ನು ಪಡೆಯುವ ಆಯ್ಕೆಯೊಂದಿದ್ದರೆ, ಕೈಗೆ ಒಂದು ಕ್ಲಿಕ್ಕೂ ಹೆಚ್ಚದೆ ಬುದ್ಧಿಗೆ ಒಂದು ಹೊಸ ಪ್ರಶ್ನೆ ಸಿಗುತ್ತಿತ್ತು.

ಕೋಟೆಕಾವಲು:

ಹದ್ದುನೋಟ ಅವರು ಹೇಳಿದ ಆಲ್ಫಾಸ್ಟಾರ್ ಪ್ರಸಂಗ ನನ್ನ ವಾದವನ್ನೇ ಬಲಪಡಿಸುತ್ತದೆ ಎಂದು ನಾನು ಓದುತ್ತೇನೆ. ಯಂತ್ರಕ್ಕೆ ವೇಗದ ಮಿತಿ ಹಾಕಿದ ಮೇಲೆಯೇ ಅದರ ತಂತ್ರವನ್ನು ಅಳೆಯಲು ಸಾಧ್ಯವಾಯಿತು. ಮನುಷ್ಯರ ನಡುವೆಯೂ ಆ ಅಂತರವನ್ನು ತಗ್ಗಿಸಬೇಕೆಂದು ಕೇಳುವುದು ಅನ್ಯಾಯವೇ? ವಿಲೇಜರ್ ಉತ್ಪಾದನೆ ಬೇಡವೆಂದಾದರೆ ಬಿಡಿ, ನಿಧಾನಿಯವರ ಸೆಲೆಸ್ಟ್ ಉದಾಹರಣೆಯಿಂದ ನನಗೆ ಇನ್ನೊಂದು ದಾರಿ ಹೊಳೆಯಿತು. ನಮ್ಮ ರ‍್ಯಾಂಕ್ಡ್ ಪಂದ್ಯಗಳು ನಡೆಯುವುದು 1.7 ಪಟ್ಟು ವೇಗದಲ್ಲಿ. ರಾತ್ರಿಪಾಳಿಯವರು ಹೇಳಿದ 25 ಸೆಕೆಂಡು ನಿಜವಾದ ಗಡಿಯಾರದಲ್ಲಿ ಸುಮಾರು 15 ಸೆಕೆಂಡು ಮಾತ್ರ. ಈ 1.7 ಎಂಬುದು ಯಾರೋ ಆರಿಸಿದ ಸಂಖ್ಯೆ. 1.0 ವೇಗದಲ್ಲಿ ನಡೆಯುವ ಪ್ರತ್ಯೇಕ ರ‍್ಯಾಂಕ್ಡ್ ಸಾಲನ್ನು ತೆರೆದರೆ, ಯೋಚಿಸುವವನಿಗೂ ಉಸಿರಾಡಲು ಎಡೆ ಸಿಗುತ್ತದೆ.

ನಿಧಾನಿ:

ಈ ಸಲಹೆಗೆ ನನ್ನ ಪೂರ್ಣ ಸಮ್ಮತಿಯಿದೆ. ಚದುರಂಗದಲ್ಲಿ ಬ್ಲಿಟ್ಜ್, ರ‍್ಯಾಪಿಡ್, ಕ್ಲಾಸಿಕಲ್ ಎಂದು ಬೇರೆ ಬೇರೆ ಶ್ರೇಯಾಂಕಗಳೇ ಇವೆ, ಮತ್ತು ಒಂದರಲ್ಲಿ ಬಲಿಷ್ಠನಾದವನು ಇನ್ನೊಂದರಲ್ಲಿ ಅಷ್ಟೇ ಬಲಿಷ್ಠನಾಗಿರಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಆಟದ ಗಡಿಯಾರದಲ್ಲಿ ನಲವತ್ತು ನಿಮಿಷ ನಡೆಯುವ ಪಂದ್ಯ ಈಗ ಇಪ್ಪತ್ನಾಲ್ಕು ನಿಮಿಷಕ್ಕೇ ಮುಗಿಯುತ್ತದೆ. ಅದು ಪೂರ್ತಿ ನಲವತ್ತು ನಿಮಿಷ ನಡೆದರೆ ಕುಳಿತು ಆಡುವವರು ಖಂಡಿತ ಇದ್ದಾರೆ.

ರಾತ್ರಿಪಾಳಿ:

ಸಾಲು ತೆರೆದರೆ ನಾನೂ ಬರುತ್ತೇನೆ, ಆದರೆ ಅದರಿಂದ ಕೋಟೆಕಾವಲು ಅವರು ಬಯಸಿದ ಫಲ ಸಿಗುತ್ತದೆಂಬ ನಂಬಿಕೆ ನನಗಿಲ್ಲ. ವೇಗ ಇಳಿದರೆ ನಿಧಾನದ ಕೈಗೆ ಸಿಕ್ಕಷ್ಟೇ ಬಿಡುವು ಚುರುಕು ಕೈಗೂ ಸಿಗುತ್ತದೆ. 1.7ರಲ್ಲಿ ಮ್ಯಾಂಗನೆಲ್ (ಕಲ್ಲೆಸೆಯುವ ಯಂತ್ರ) ಎಸೆದ ಕಲ್ಲುಗಳಲ್ಲಿ ಕೆಲವನ್ನಾದರೂ ತಪ್ಪಿಸಿಕೊಳ್ಳಲಾರದ ಬಿಲ್ಲಾಳುಗಳು, 1.0ರಲ್ಲಿ ನುರಿತವನ ಕೈಯಲ್ಲಿ ಪ್ರತಿ ಕಲ್ಲನ್ನೂ ತಪ್ಪಿಸಿಕೊಳ್ಳುತ್ತಾರೆ. ಆಗ ಮ್ಯಾಂಗನೆಲ್ ಬಿಲ್ಲಾಳುಗಳಿಗೆ ಉತ್ತರ ಎಂಬ, ನೀವು ಕಲಿತು ಬಂದ ಲೆಕ್ಕವೇ ಕುಸಿಯುತ್ತದೆ; ಆಲ್ಫಾಸ್ಟಾರ್‌ನ ಸ್ಟಾಕರ್‌ಗಳು ಇಮ್ಮಾರ್ಟಲ್‌ಗಳಿಗೆ ಮಾಡಿದ್ದೂ ಇದನ್ನೇ.

ಹದ್ದುನೋಟ:

ರಾತ್ರಿಪಾಳಿಯವರ ಈ ಆಕ್ಷೇಪ ಕಾಳಗದ ಮಟ್ಟಿಗೆ ಸರಿ, ಊರಿನ ಮಟ್ಟಿಗೆ ಅಲ್ಲ. ಟೌನ್ ಸೆಂಟರ್ ಒಂದು ಕ್ಷಣವೂ ನಿಲ್ಲದಂತೆ ನೋಡಿಕೊಳ್ಳುವವನಿಗೆ ಅದಕ್ಕಿಂತ ಹೆಚ್ಚಿನದೇನನ್ನೂ ವೇಗದ ಇಳಿಕೆ ಕೊಡಲಾರದು, ಏಕೆಂದರೆ ಅಲ್ಲಿ ಸಾಧನೆಗೆ ಒಂದು ಮೇಲ್ಮಿತಿಯಿದೆ; ಹಿಂದುಳಿದವನು ಮಾತ್ರ ಆ ಮಿತಿಯ ಹತ್ತಿರಕ್ಕೆ ಬರುತ್ತಾನೆ. ಕಾಳಗದಲ್ಲಿ ಅಂಥ ಮೇಲ್ಮಿತಿ ಬಹಳ ಎತ್ತರದಲ್ಲಿದೆ. ಆದ್ದರಿಂದ 1.0ರ ಸಾಲಿನಲ್ಲಿ ಆರ್ಥಿಕತೆಯ ಅಂತರ ಕಿರಿದಾಗಿ ಮೈಕ್ರೋದ (ಕಾಳಗದ ಕೈಚಳಕದ) ಅಂತರ ಹಿಗ್ಗುತ್ತದೆ ಎಂದು ನನ್ನ ಊಹೆ. ಖಾಸಗಿ ಲಾಬಿಯಲ್ಲಿ (ನಾವೇ ಏರ್ಪಡಿಸುವ ಪಂದ್ಯದಲ್ಲಿ) ವೇಗವನ್ನು ನಾವೇ ಇಟ್ಟುಕೊಳ್ಳಬಹುದು. ಕೋಟೆಕಾವಲು ಅವರೂ ರಾತ್ರಿಪಾಳಿಯವರೂ ಒಪ್ಪಿದರೆ ಒಂದೇ ನಕ್ಷೆ, ಒಂದೇ ಪಂಗಡದಲ್ಲಿ ಎರಡು ವೇಗಗಳಲ್ಲೂ ಆಡಿ, ಎರಡರ ರೆಕಾರ್ಡಿಂಗನ್ನೂ ಇಲ್ಲಿ ಹಾಕಿ. ಟೌನ್ ಸೆಂಟರ್ ಸುಮ್ಮನಿದ್ದ ಹೊತ್ತನ್ನು ನಾನು ಲೆಕ್ಕ ಹಾಕಿ ಕೊಡುತ್ತೇನೆ.

ಕೋಟೆಕಾವಲು:

ಒಪ್ಪಿದೆ. ಅರೇಬಿಯಾ ನಕ್ಷೆ, ಇಬ್ಬರಿಗೂ ದ್ರವಿಡಿಯನ್ಸ್. ಶನಿವಾರ ರಾತ್ರಿ ಲಾಬಿ ತೆರೆಯುತ್ತೇನೆ.